ಪತನಮೀಮಾಂಸೆ: ಅಂಗೈಯಗಲದ ಡ್ರೋನು ಬೀಳುವ ಬಗೆಗಳ ಶಾಸ್ತ್ರೀಯ ವಿವೇಚನೆ

ವಿಮಾನದ ಮೇಲೆ ಶಾಸ್ತ್ರ ಬರೆಯುವುದು ನಮ್ಮ ಸೀಮೆಗೆ ಹೊಸತಲ್ಲ. ಆನೇಕಲ್ಲಿನ ಪಂಡಿತ ಸುಬ್ಬರಾಯ ಶಾಸ್ತ್ರಿಗಳು ಕಳೆದ ಶತಮಾನದ ಮೊದಲ ಭಾಗದಲ್ಲೇ ‘ವೈಮಾನಿಕ ಶಾಸ್ತ್ರ’ವನ್ನು ಹೇಳಿ ಬರೆಸಿದರು. ವಿಮಾನ ನಡೆಸುವವನಿಗೆ ತಿಳಿದಿರಬೇಕಾದ ರಹಸ್ಯಗಳು 32 ಎಂದು ಲೆಕ್ಕವನ್ನೂ ಕೊಟ್ಟರು. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ಆ ಗ್ರಂಥವನ್ನು ಒರೆಗೆ ಹಚ್ಚಿ, ಅಲ್ಲಿ ವರ್ಣಿಸಿದ ವಿಮಾನಗಳು ಹಾರುವ ಪೈಕಿ ಅಲ್ಲ ಎಂದುಬಿಟ್ಟರು. ಹಾರದ್ದು ಬೀಳುವುದೂ ಇಲ್ಲ. ಹೀಗಾಗಿ ಪತನ ಪ್ರಕರಣವೊಂದು ಬಾಕಿ ಉಳಿದುಹೋಗಿತ್ತು. ಅದನ್ನು ತುಂಬಿಕೊಡುವ ಅರ್ಹತೆ ನನಗೆ ಎಲ್ಲಿಂದ ಬಂತು ಎನ್ನುವಿರಾದರೆ, ಮೂವತ್ತು ವರ್ಷ ಬ್ಯಾಂಕಿನಲ್ಲಿ ಲೆಡ್ಜರು ಬರೆದ ಕೈ ಇದು. ನಿವೃತ್ತಿಯಾದ ಮೇಲೆ ತಿಪಟೂರಿನ ತೋಟದ ಮನೆಯಲ್ಲಿ ಇದೇ ಕೈ ಡ್ರೋನು ಹಾರಿಸಲು ಕಲಿಯುತ್ತಿದೆ. ಪ್ರತಿ ಬೀಳುವಿಕೆಗೂ ತಾರೀಖು, ಸ್ಥಳ, ಕಾರಣ, ನಷ್ಟ ಎಂದು ನಾಲ್ಕು ಕಾಲಂ ಗೀಟು ಹಾಕಿಟ್ಟಿದ್ದೇನೆ. ಹಾರಾಟಕ್ಕೆ ಕಾಲಂ ಇಲ್ಲ. ಎರಡು ಪತನಗಳ ನಡುವಿನ ತೆರಪಿಗೆ ಹಾರಾಟವೆಂದು ಹೆಸರು, ಇದು ಪ್ರಥಮ ಸೂತ್ರ.

ಇನ್ನು ವಸ್ತುನಿರ್ದೇಶ. ಮದುವೆಯಲ್ಲಿ ಛತ್ರದ ಮೇಲೆ ನಿಂತು ವಿಡಿಯೊ ತೆಗೆಯುತ್ತದಲ್ಲ, ಆ ಡ್ರೋನು ಇದಲ್ಲ. ಅದಕ್ಕೆ ಜಿಪಿಎಸ್ ಇರುತ್ತದೆ, ಕೈಬಿಟ್ಟರೆ ನಿಂತಲ್ಲೇ ನಿಲ್ಲುತ್ತದೆ. ಇದು ರೇಸಿನ ಜಾತಿಯ ಮರಿ. ಮೂತಿಯಲ್ಲೊಂದು ಕ್ಯಾಮೆರಾ, ಅದು ಕಂಡದ್ದನ್ನು ನಾವು ಕಣ್ಣಿಗೆ ಕಟ್ಟಿಕೊಂಡ ಗಾಗಲ್‌ನಲ್ಲಿ ಕಾಣುತ್ತೇವೆ. ದೇಹ ಜಗಲಿಯ ಕುರ್ಚಿಯಲ್ಲಿ, ದೃಷ್ಟಿ ಕೊಟ್ಟಿಗೆಯ ಗೋದಲಿಯ ಮೇಲೆ. ಪರಕಾಯ ಪ್ರವೇಶವೆಂದು ಪುರಾಣದಲ್ಲಿ ಓದಿದ್ದು ಇದನ್ನೇ ಇರಬೇಕು. ಒಂದು ಮೋಟರಿನಿಂದ ಎದುರು ಮೂಲೆಯ ಮೋಟರಿಗೆ 65 ಮಿಲಿಮೀಟರ್, ಬ್ಯಾಟರಿ ಸೇರಿ ಮೂವತ್ತು ಗ್ರಾಂ ಆಸುಪಾಸು, ನಾಲ್ಕು ರೆಕ್ಕೆಗಳ ಸುತ್ತಲೂ ಪ್ಲಾಸ್ಟಿಕ್ಕಿನ ಬಳೆ. 2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂವರೆಗಿನದು ‘ನ್ಯಾನೋ’. ಹಾರಿಸುವವನಿಗೆ ಪೈಲಟ್ ಲೈಸೆನ್ಸು ಬೇಕಿಲ್ಲ. ಹಾಗೆಂದು ವಿಮಾನ ನಿಲ್ದಾಣದ ಬೇಲಿ ಪಕ್ಕ ನಿಂತು ಹಾರಿಸಿದರೆ ಪೊಲೀಸರು ಗ್ರಾಂ ತೂಗುತ್ತ ಕೂರುವುದಿಲ್ಲ. 2022ರ ಫೆಬ್ರುವರಿಯಲ್ಲಿ ಸರ್ಕಾರ ಸಿದ್ಧ ಡ್ರೋನುಗಳ ಆಮದನ್ನು ನಿಷೇಧಿಸಿತು, ಬಿಡಿಭಾಗಗಳನ್ನು ಬಿಟ್ಟಿತು. ಎಂಜಿನಿಯರಿಂಗ್ ಓದುವ ನನ್ನ ತಮ್ಮನ ಮಗ ಹಾಗೆ ಬಂದ ಬಿಡಿಭಾಗಗಳನ್ನು, ಎಸ್.ಪಿ. ರೋಡಿನಿಂದ ತಂದ ತಂತಿ, ಸೋಲ್ಡರು ಹಚ್ಚಿ ಹಾಸ್ಟೆಲ್ಲಿನಲ್ಲಿ ಜೋಡಿಸಿ ತಂದ. ನಮ್ಮಮ್ಮ ಅದರ ಸದ್ದು ಕೇಳಿದವಳೇ, “ಜೀರ್ಜಿಂಬೆ ಕಣೋ ಇದು” ಅಂದಳು. ಬೆಂಕಿಪೊಟ್ಟಣದಲ್ಲಿ ಸೊಪ್ಪು ಹಾಕಿ ಸಾಕಿ, ದಾರ ಕಟ್ಟಿ ಹಾರಿಸಿದವರಿಗೆ ಬೇರೆ ವ್ಯಾಖ್ಯಾನ ಬೇಡ. ಅದೇ ಹೆಸರು ಉಳಿಯಿತು.

ಬೀಳುವುದನ್ನು ವಿಂಗಡಿಸಲು ಹಿರಿಯರು ಹಾಕಿಕೊಟ್ಟ ಚೌಕಟ್ಟು ಇದ್ದೇ ಇದೆ. ತಾಪತ್ರಯ ಎಂದು ದಿನಾ ಗೊಣಗುತ್ತೇವೆ, ಅದರೊಳಗೊಂದು ತ್ರಯವಿದೆ ಎಂಬುದನ್ನು ಮರೆತು. ತನ್ನಿಂದ ತನಗೆ ಬರುವುದು ಆಧ್ಯಾತ್ಮಿಕ, ಇತರ ಪ್ರಾಣಿಗಳಿಂದ ಬರುವುದು ಆಧಿಭೌತಿಕ, ಗಾಳಿ ಮಳೆ ಮುಂತಾದ ದೈವದಿಂದ ಬರುವುದು ಆಧಿದೈವಿಕ. ಪೂರ್ವಸೂರಿಗಳಿಗೆ ಸೋಲ್ಡರಿಂಗ್ ಗೊತ್ತಿರಲಿಲ್ಲವಾದ್ದರಿಂದ ಆಧಿಯಾಂತ್ರಿಕ ಎಂಬ ನಾಲ್ಕನೆಯದನ್ನು ನಾನು ಸೇರಿಸಿದ್ದೇನೆ.

ಆಧ್ಯಾತ್ಮಿಕದಿಂದ ತೊಡಗೋಣ. ರಿಮೋಟಿನ ಎಡ ಸ್ಟಿಕ್ಕು ಏರಿಳಿಯುವುದಕ್ಕೆ, ಮೊಗ ತಿರುಗಿಸುವುದಕ್ಕೆ. ಬಲದ್ದು ಮುಂದೆ, ಹಿಂದೆ, ಅಕ್ಕಪಕ್ಕ ವಾಲುವುದಕ್ಕೆ. ಹಿಡಿಯುವ ರೀತಿಯಲ್ಲೇ ಎರಡು ಪಂಥ. ಹೆಬ್ಬೆರಳನ್ನಷ್ಟೇ ಮೇಲೆ ಊರುವವರು ಅಂಗುಷ್ಠವಾದಿಗಳು. ಎರಡು ಬೆರಳ ನಡುವೆ ನಶ್ಯದ ಚಿಟಿಕೆಯಂತೆ ಹಿಡಿಯುವವರು ನಶ್ಯವಾದಿಗಳು. ನಾನು ನಶ್ಯ ಬಿಟ್ಟು ಹನ್ನೆರಡು ವರ್ಷವಾದರೂ ಬೆರಳು ಮರೆತಿಲ್ಲ, ಆದಕಾರಣ ಎರಡನೆಯ ಪಂಥ. ಹುಡುಗ ಅಂಗುಷ್ಠವಾದಿ. ಈ ವಿಷಯದಲ್ಲಿ ನಮ್ಮ ಮನೆಯಲ್ಲಿ ವಾದ ನಿಂತಿದೆ, ಸಮನ್ವಯವಾಗಿಲ್ಲ.

ಮೋಡುಗಳೂ ಮುಖ್ಯವಾಗಿ ಎರಡು. ಆಂಗಲ್ ಮೋಡಿನಲ್ಲಿ ಸ್ಟಿಕ್ಕು ಹೇಳುವುದು ಎಷ್ಟು ವಾಲಬೇಕು ಎಂದು. ಬಿಟ್ಟರೆ ತಾನಾಗಿ ನೆಟ್ಟಗಾಗುತ್ತದೆ. ಆಕ್ರೋ ಮೋಡಿನಲ್ಲಿ ಹೇಳುವುದು ಎಷ್ಟು ಬೇಗ ವಾಲುತ್ತ ಹೋಗಬೇಕು ಎಂದು. ಬಿಟ್ಟರೆ ವಾಲಿದ್ದು ವಾಲಿದಂತೆಯೇ. ಎಡಕ್ಕೆ ಹಾಕಿದ ಡೆಬಿಟ್ಟಿಗೆ ಬಲಕ್ಕೆ ಕ್ರೆಡಿಟ್ಟನ್ನು ನೀವೇ ಬರೆಯಬೇಕು. ಜೀವಮಾನವೆಲ್ಲ ಅದನ್ನೇ ಮಾಡಿದ ನನಗೆ ಇದು ಸುಲಭವೆಂದುಕೊಂಡಿದ್ದೆ. ಬ್ಯಾಂಕಿನಲ್ಲಿ ಸಂಜೆಯವರೆಗೆ ಸಮಯವಿರುತ್ತಿತ್ತು. ಇಲ್ಲಿ ಲೆಕ್ಕ ತಾಳೆಯಾಗುವ ಮುನ್ನ ಗೋಡೆ ಬರುತ್ತದೆ.

ಈ ವರ್ಗದ ಉಪಭೇದಗಳಲ್ಲಿ ಶ್ರೇಷ್ಠವಾದದ್ದು ಭಯೋತ್ಥಾನ. ಹೆದರಿದವನು ಇಳಿಯಬೇಕು, ಕೈ ಮಾತ್ರ ಥ್ರಾಟಲ್ ಏರಿಸುತ್ತದೆ. ಜೀರ್ಜಿಂಬೆ ನಡುಮನೆಯ ಫ್ಯಾನಿಗೆ ಸಿಕ್ಕಿದ್ದು ಹೀಗೆ. ಪರಿಹಾರ ಒಂದೇ: ತಗುಲಿದ ಕೂಡಲೇ ಡಿಸಾರ್ಮ್ ಸ್ವಿಚ್ಚು. ಪರದೆಗೋ ಗಿಡಕ್ಕೋ ಸಿಕ್ಕಿಕೊಂಡದ್ದನ್ನು ಎಳೆದುತೆಗೆಯಲು ಥ್ರಾಟಲ್ ಒತ್ತಿದರೆ, ತಿರುಗಲಾರದ ಮೋಟರು ಕರೆಂಟು ಕುಡಿದು ಕುಡಿದು ತನ್ನನ್ನು ನಡೆಸುವ ಚಿಪ್ಪನ್ನೇ ಸುಡುತ್ತದೆ. ಮಗುಚಿ ಬಿದ್ದಿದ್ದರೆ ಆಮೆ ಮೋಡು ಎಂದೊಂದಿದೆ. ಮೋಟರುಗಳು ಹಿಮ್ಮುಖ ತಿರುಗಿ ಬೆನ್ನ ಮೇಲಿದ್ದದ್ದನ್ನು ಹೊಟ್ಟೆಯ ಮೇಲೆ ಹಾಕುತ್ತವೆ. ಹುಡುಗ ಅದನ್ನು ಟರ್ಟಲ್ ಅನ್ನುತ್ತಾನೆ, ಗ್ರಂಥದಲ್ಲಿ ಕೂರ್ಮಾವತಾರವೆಂದೇ ಇರಲಿ. ಗರ್ವಭಂಗ ಎಂಬ ಉಪಭೇದಕ್ಕೆ ವಿವರಣೆ ಬೇಡ. ಎರಡು ತೆಂಗಿನ ನಡುವೆ ಒಮ್ಮೆ ನುಸುಳಿದವನು ಹೆಂಡತಿಯನ್ನು ಕರೆದು ಎರಡನೆಯ ಸಲ ತೋರಿಸುವಾಗ ಆಗುವಂಥದ್ದು.

ದೃಷ್ಟಿದೋಷ ಎಂಬುದೂ ಇದೆ, ಆದರೆ ಅದರಲ್ಲಿ ನನ್ನ ತಪ್ಪು ಅರ್ಧ. ಮುಂದೆ ಓಡುವಾಗ ಡ್ರೋನು ಮೂಗು ತಗ್ಗಿಸುತ್ತದಾದ್ದರಿಂದ ಕ್ಯಾಮೆರಾವನ್ನು ಮೇಲ್ಮುಖವಾಗಿ ಕೂರಿಸುತ್ತಾರೆ. ವೇಗ ಹೆಚ್ಚಿದಷ್ಟೂ ಕೋನ ಹೆಚ್ಚು. ಹುಡುಗ ತನ್ನ ಓಟದ ಅಳತೆಗೇ 35 ಡಿಗ್ರಿ ಇಟ್ಟು ನನ್ನ ಕೈಗೆ ಕೊಟ್ಟ. ನಿಧಾನವಾಗಿ ಹೋದರೆ ನನಗೆ ಆಕಾಶವಷ್ಟೇ ಕಾಣುತ್ತಿತ್ತು, ನೆಲ ನೋಡಬೇಕೆಂದರೆ ಓಡಲೇಬೇಕು. ಒಂದು ವಾರ ಹೀಗೆ ಅಟ್ಟಿಸಿಕೊಂಡು ಹೋದವನಂತೆ ಹಾರಿಸಿದ ಮೇಲೆ ಕೇಳಿದರೆ, “ಅಯ್ಯೋ ದೊಡ್ಡಪ್ಪ, ಅದನ್ನ ಕೆಳಗೆ ಬಗ್ಗಿಸಬಹುದಲ್ಲ” ಎಂದ.

ಸ್ವಪ್ನಪತನ ಲೆಡ್ಜರಿಗೆ ಬರುವುದಿಲ್ಲ. ವೆಲೊಸಿಡ್ರೋನ್, ಲಿಫ್ಟಾಫ್ ಎಂಬ ಸಿಮ್ಯುಲೇಟರುಗಳಿಗೆ ಇದೇ ರಿಮೋಟನ್ನು ತಂತಿಯಲ್ಲಿ ಸೇರಿಸಿ ಕಂಪ್ಯೂಟರಿನೊಳಗೆ ಬೀಳುತ್ತಿರಬಹುದು; ಒಂದು ಗುಂಡಿ ಒತ್ತಿದರೆ ಮತ್ತೆ ಹೊಸತು. ಕನಸಿನ ನೀರಿಗೆ ಎಚ್ಚರದ ಬಾಯಾರಿಕೆ ಹಿಂಗದು ಎಂಬ ವೇದಾಂತ ಇಲ್ಲಿ ಮಾತ್ರ ನಡೆಯುವುದಿಲ್ಲ. ಅಲ್ಲಿ ಪಳಗಿದ ಬೆರಳು ಇಲ್ಲಿಯೂ ಪಳಗಿರುತ್ತದೆ.

ಆಧಿಭೌತಿಕದಲ್ಲಿ ಹದ್ದು, ಕಾಗೆ, ಬೆಕ್ಕು ಎಲ್ಲರಿಗೂ ತಿಳಿದವೇ. ಯಾರೂ ಹೇಳದ್ದು ಕೂದಲು. ಬಾಚಣಿಗೆಯಿಂದ ಬಿದ್ದ ಒಂದೆಳೆ ಮೋಟರಿನ ಕಡ್ಡಿಗೆ ಸುತ್ತಿಕೊಂಡರೆ ಆ ಮೋಟರು ಏದುಸಿರು ಬಿಡುತ್ತ ಒಂದು ಪಕ್ಕಕ್ಕೆ ಎಳೆಯುತ್ತದೆ. ನಮ್ಮಲ್ಲಿ ಅದಕ್ಕೆ ತೆಂಗಿನ ನಾರೂ ಜೊತೆ. ರೆಕ್ಕೆ ಕಿತ್ತು, ಚಿಮುಟದಿಂದ ಬಿಡಿಸುವುದೇ ನಿತ್ಯಕರ್ಮ. ಕಾರಣದ ಕಾಲಮ್ಮಿನಲ್ಲಿ ‘ಪತ್ನಿಯ ಕೇಶ’ ಎಂದು ಬರೆದದ್ದನ್ನು ಅವಳು ಓದಿ, “ಜಡೆ ನನ್ನದು ಸರಿ, ಕಸ ಗುಡಿಸದೆ ನೆಲಕ್ಕಿಳಿಸಿದ್ದು ಯಾರು ಅಂತಲೂ ಬರೀರಿ” ಎಂದು ಪೂರ್ವಪಕ್ಷ ಹೂಡಿದಳು. ಉತ್ತರ ದೊರೆತಿಲ್ಲ.

ಆಧಿದೈವಿಕಕ್ಕೆ ಅಧಿದೇವತೆ ಆಷಾಢದ ಗಾಳಿ. ಮೂವತ್ತು ಗ್ರಾಮಿನ ಜೀವಿ ಆಗ ಹೊರಗೆ ಹೋಗಕೂಡದು. ರೇಡಿಯೋ ಅಲೆಯೂ ಈ ವರ್ಗವೇ. ಚಿತ್ರ ಬರುವುದು 5.8 ಗಿಗಾಹರ್ಟ್ಸ್‌ನಲ್ಲಿ, ದಪ್ಪ ಮಣ್ಣುಗೋಡೆಯ ಹಿಂದೆ ಹೋದರೆ, ಹಿಂದೆ ದೂರದರ್ಶನದ ಆಂಟೆನಾ ಮೇಲೆ ಕಾಗೆ ಕೂತಾಗ ಆಗುತ್ತಿದ್ದಂತೆ ಪರದೆಯ ತುಂಬ ಇರುವೆ ಹರಿದಾಡುತ್ತವೆ. ರಿಮೋಟಿನ ಸಂಪರ್ಕವೇ ಕಡಿದರೆ ಫೇಲ್‌ಸೇಫ್: ಮೋಟರು ನಿಲ್ಲುತ್ತದೆ, ಉಳಿದದ್ದನ್ನು ಗುರುತ್ವ ನೋಡಿಕೊಳ್ಳುತ್ತದೆ. ವಿವಾದವಿರುವುದು ನೇರವಾಗಿ ಕೆಳಗಿಳಿಯುವಾಗಿನ ನಡುಕದ ಬಗ್ಗೆ. ತನ್ನ ರೆಕ್ಕೆಯೇ ಕೆಳಕ್ಕೆ ತಳ್ಳಿ ಕಲಕಿದ ಗಾಳಿಯೊಳಗೆ ತಾನೇ ಇಳಿದು ಡ್ರೋನು ತತ್ತರಿಸುತ್ತದೆ. ಗಾಳಿಯಾದ್ದರಿಂದ ಆಧಿದೈವಿಕವೆಂದು ನನ್ನ ಮತ, ತಾನೇ ಎಬ್ಬಿಸಿದ್ದರಿಂದ ಆಧ್ಯಾತ್ಮಿಕವೆಂದು ಹುಡುಗನ ಮತ.

ಆಧಿಯಾಂತ್ರಿಕದಲ್ಲಿ ಮೊದಲನೆಯದು ರೆಕ್ಕೆಯ ವ್ಯತ್ಯಯ. ನಾಲ್ಕರಲ್ಲಿ ಎರಡು ಬಲಕ್ಕೆ, ಎರಡು ಎಡಕ್ಕೆ ಸುತ್ತುವಂಥವು. ಅದಲುಬದಲಾದರೆ ಡ್ರೋನು ಏಳುವ ಬದಲು ಇದ್ದಲ್ಲೇ ಲಾಗ ಹಾಕುತ್ತದೆ. ಎರಡನೆಯದು ಬೆಸುಗೆ. ಹೊಳಪಿಲ್ಲದೆ ಗುಂಡಗೆ ಕೂತ ಬೆಸುಗೆ ಹಿಡಿದಂತೆ ನಟಿಸುತ್ತದೆ, ಮೂರನೆಯ ಬೀಳಿಗೆ ಬಿಡುತ್ತದೆ. ಬೀಟಾಫ್ಲೈಟ್ ಎಂಬ ತಂತ್ರಾಂಶದೊಳಗಿನ ಪಿ, ಐ, ಡಿ ಎಂಬ ಮೂರು ಅಂಕಿಗಳನ್ನು ತಿದ್ದಿ ಕೆಡಿಸುವುದು ಮೂರನೆಯದು. ಪಿ ಈಗಿನ ತಪ್ಪನ್ನು ನೋಡುತ್ತದೆ, ಐ ಹಿಂದಿನ ತಪ್ಪುಗಳನ್ನು ಕೂಡಿಡುತ್ತದೆ, ಡಿ ಮುಂದಾಗುವುದನ್ನು ಊಹಿಸುತ್ತದೆ. ಸೆಕೆಂಡಿಗೆ ಸಾವಿರಾರು ಸಲ ಮೂರು ಕಾಲವನ್ನೂ ನೋಡುವ ಇಂಥ ತ್ರಿಕಾಲಜ್ಞಾನಿಯನ್ನು ನಾನು ಫ್ಯಾನಿಗೆ ಕೊಟ್ಟೆನಲ್ಲ ಎಂಬ ಸಂಕಟ ನನಗಿದೆ.

ಬ್ಯಾಟರಿಗೆ ಒಂದು ಪ್ರತ್ಯೇಕ ಆಯುರ್ವೇದವೇ ಬೇಕು. ಲೈಪೋ ಎನ್ನುವ ಈ ಜೀವಕ್ಕೆ ಹೊಟ್ಟೆ ತುಂಬಿದಾಗ 4.2 ವೋಲ್ಟ್. 3.3ರ ಕೆಳಗಿಳಿಸಿದರೆ ಉಪವಾಸದಿಂದ ಜಠರ ಕೆಡುತ್ತದೆ. ತುಂಬಿಸಿ ವಾರಗಟ್ಟಲೆ ಇಟ್ಟರೆ ಅಜೀರ್ಣ. ಹಾರಿಸದ ದಿನಗಳಲ್ಲಿ 3.8ರ ಮಿತಾಹಾರದಲ್ಲಿ ಇಡಬೇಕು. ಪಥ್ಯ ತಪ್ಪಿದ ಲಕ್ಷಣ ಹೊಟ್ಟೆಯುಬ್ಬರ: ಚಪ್ಪಟೆಯಿದ್ದದ್ದು ಪೂರಿಯಂತಾದರೆ ಅದಕ್ಕೆ ಮತ್ತೆ ಚಾರ್ಜು ಹಾಕಬಾರದು, ಚುಚ್ಚಬಾರದು, ಮನೆಯ ಕಸಕ್ಕೂ ಎಸೆಯಬಾರದು; ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಮುಟ್ಟಿಸಬೇಕು. ಚಾರ್ಜಿಗಿಟ್ಟು ಎದ್ದುಹೋಗುವುದು ಮಹಾಪಾತಕ. ಕೆರಳಿದರೆ ಹೊಗೆಯಲ್ಲ, ಬೆಂಕಿಯನ್ನೇ ಕಾರುತ್ತದೆ. ಅಮ್ಮ ಉಪ್ಪಿನಕಾಯಿ ನಿಲ್ಲಿಸಿದ ಮೇಲೆ ಖಾಲಿ ಬಿದ್ದಿದ್ದ ದೊಡ್ಡ ಮಡಕೆಗೆ ಮರಳು ತುಂಬಿ ಪಕ್ಕಕ್ಕಿಟ್ಟುಕೊಂಡು ಕೂರುತ್ತೇನೆ. ಒಂದು ಗಂಟೆಯ ತಪಸ್ಸು, ಮೂರು ನಿಮಿಷದ ವರ.

ಈಗ ಆಡಿಟ್ಟಿನ ವಿಷಯ. ಮೊದಲ ತಿಂಗಳ ಕಾರಣದ ಕಾಲಮ್ಮಿನಲ್ಲಿ ಆಧಿದೈವಿಕವೇ ಎದ್ದು ಕಾಣುತ್ತದೆ. ಗಾಳಿ, ಗಾಳಿ, ಸಿಗ್ನಲ್ಲು, ಗಾಳಿ. ಹುಡುಗ ದಸರಾ ರಜೆಗೆ ಬಂದವನು ಗಾಗಲ್ ತಾನಾಗಿಯೇ ದಾಖಲಿಸಿಟ್ಟಿದ್ದ ವಿಡಿಯೊಗಳನ್ನು ತೆಗೆದ. ಒಂದೊಂದು ಎಂಟ್ರಿಗೂ ಒಂದೊಂದು ವಿಡಿಯೊ. ತೆಂಗಿನ ಗರಿ ಅಲುಗುತ್ತಿಲ್ಲ, ದನ ಅಲುಗುತ್ತಿಲ್ಲ, ಹಗ್ಗದ ಮೇಲಿನ ಪಂಚೆ ಅಲುಗುತ್ತಿಲ್ಲ. ಅಲುಗಿದ್ದು ನನ್ನ ಬೆರಳೊಂದೇ. ಕೆಂಪು ಶಾಯಿಯಲ್ಲಿ ಸಾಲುಸಾಲಾಗಿ ಆಧಿದೈವಿಕ ಹೊಡೆದು ಆಧ್ಯಾತ್ಮಿಕ ಎಂದು ಬರೆದ. ಸರ್ವೀಸಿನ ಮೂವತ್ತು ವರ್ಷದಲ್ಲಿ ಇಷ್ಟು ಆಕ್ಷೇಪಣೆ ನನ್ನ ಯಾವ ಪುಸ್ತಕಕ್ಕೂ ಬಂದದ್ದಿಲ್ಲ.

ನನ್ನ ಸಮರ್ಥನೆ ಇಷ್ಟು. ಜ್ಯೂರಿಕ್ ವಿಶ್ವವಿದ್ಯಾಲಯದವರು ‘ಸ್ವಿಫ್ಟ್’ ಎಂಬ ಕೃತಕ ಬುದ್ಧಿಯ ಡ್ರೋನನ್ನು ಮೂವರು ಚಾಂಪಿಯನ್ನರ ಎದುರು ಓಡಿಸಿ, ಅದರ ವರದಿಯನ್ನು 2023ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. 25 ಓಟಗಳಲ್ಲಿ ಯಂತ್ರ 15 ಗೆದ್ದಿತು. ಸೋತ ಹತ್ತರಲ್ಲಿ ನಾಲ್ಕು ಎದುರಾಳಿಗೆ ಡಿಕ್ಕಿಯಾಗಿ, ನಾಲ್ಕು ಗೇಟಿಗೆ ಡಿಕ್ಕಿಯಾಗಿ. ಹೆದರಿಕೆಯಿಲ್ಲ, ನಶ್ಯದ ಅಭ್ಯಾಸವಿಲ್ಲ, ಬೆರಳೇ ಇಲ್ಲ. ಅದರ ಎಂಟು ಪತನಗಳನ್ನು ಯಾವ ಕಾಲಮ್ಮಿಗೆ ಹಾಕುತ್ತೀಯಪ್ಪ ಎಂದೆ. ಅವನು ಕೆಂಪು ಪೆನ್ನಿನ ಮುಚ್ಚಳ ಹಾಕಿ ಊಟಕ್ಕೆದ್ದ.

ಮೊನ್ನೆಯ ಎಂಟ್ರಿ ಮಾತ್ರ ತೊಡಕಿನದು. ಬೆಳಗಿನ ಹೊತ್ತು, ಗಾಳಿಯಿಲ್ಲ, ಕೂದಲಿಲ್ಲ, ಬ್ಯಾಟರಿ ತುಂಬಿತ್ತು. ಜೀರ್ಜಿಂಬೆ ಬಾವಿಯ ಪಕ್ಕದ ಹಳೆಯ ತೆಂಗಿನ ತಲೆಯೊಳಗೆ ಹೊಕ್ಕು ಹೊಂಬಾಳೆಯ ಬುಡದಲ್ಲಿ ಕೂತುಬಿಟ್ಟಿತು. ರಿಮೋಟಿನ ಬೀಪರ್ ಸ್ವಿಚ್ಚು ಹಾಕಿದೆ. ಮೋಟರುಗಳೇ ಸುರುಳಿ ಮಿಡಿದು ಕೀಂಯ್ ಕೀಂಯ್ ಎನ್ನುತ್ತವೆ, ಬ್ಯಾಟರಿ ಆರುವವರೆಗೆ. ಅಮ್ಮ ಜಗಲಿಗೆ ಬಂದು ಮೇಲೆ ನೋಡಿ, “ದಾರ ಕಟ್ಟಬೇಕಿತ್ತು” ಅಂದಳು. ಕಾಯಿ ಕೀಳುವವನಿಗೆ ಫೋನು ಮಾಡಿದರೆ, “ಇನ್ನ ಇಪ್ಪತ್ತು ದಿನಕ್ಕೆ ಆ ಮರದ ಕಾಯಿ ಬಲೀತದೆ ಸಾರ್, ಆಗ ಎರಡೂ ಒಟ್ಟಿಗೆ ಕೆಡವಿಕೊಡ್ತೀನಿ” ಎಂದ. ಬಿದ್ದಿಲ್ಲವಾದ್ದರಿಂದ ಪತನವಲ್ಲ, ಹಾರುತ್ತಿಲ್ಲವಾದ್ದರಿಂದ ತೆರಪೂ ಅಲ್ಲ. ತಾರೀಖು, ಸ್ಥಳ ಬರೆದು ಉಳಿದೆರಡು ಕಾಲಂ ಖಾಲಿ ಬಿಟ್ಟಿದ್ದೇನೆ.