ಅಂಗುಲೀಯಕ ಮೀಮಾಂಸೆ: ದುಡಿಯುವ ಬೆರಳಿಗೊಂದು ಶಾಸ್ತ್ರ

ಅಧಿಕಾರಿ ನಿರ್ಣಯ

ಶಾಸ್ತ್ರಕ್ಕೆ ಕೈಹಚ್ಚುವ ಮುನ್ನ ಅದಕ್ಕೆ ಅಧಿಕಾರಿಗಳು ಯಾರೆಂದು ಹೇಳುವುದು ಸಂಪ್ರದಾಯ. ನಿಶ್ಚಿತಾರ್ಥದ ಉಂಗುರ ತೊಟ್ಟ ಮಾರನೆಯ ದಿನವೇ ಗೇರ್‌ಬಾಕ್ಸ್ ಬಿಚ್ಚುವವರು, ಗಾರೆ ಕಲಸುವವರು, ಪರೋಟದ ಹಿಟ್ಟು ನಾದುವವರು, ಕಂಬ ಹತ್ತುವ ಲೈನ್‌ಮನ್‌ಗಳು ಇದಕ್ಕೆ ಅಧಿಕಾರಿಗಳು. ಕೀಬೋರ್ಡ್ ಕುಟ್ಟುವುದೂ ಕೈಕೆಲಸವೇ ಎಂಬ ವಾದ ಬೆಂಗಳೂರು ಸೀಮೆಯಲ್ಲಿ ಕೇಳಿಬರುತ್ತದೆ. ಕೀಬೋರ್ಡಿಗೆ ತಗುಲಿ ಹರಳೊಡೆದ ದೃಷ್ಟಾಂತ ಸಿಗದ ಕಾರಣ ಅದನ್ನು ಪುರಸ್ಕರಿಸಿಲ್ಲ.

ಪೂರ್ವಪಕ್ಷಗಳು

ಮೊದಲನೆಯವರು ವಜ್ರವಾದಿಗಳು. ಫ್ರೀಡ್ರಿಕ್ ಮೋಸ್ ಎಂಬ ಜರ್ಮನ್ ಪಂಡಿತ 1812ರಲ್ಲಿ ಖನಿಜಗಳ ಗಡಸುತನಕ್ಕೆ ಅಂಕ ಹಾಕಿದ. ವಜ್ರಕ್ಕೆ 10, ಮಾಣಿಕ್ಯ-ನೀಲಗಳಿಗೆ 9; ಮುತ್ತು, ಹವಳಗಳು ನಾಲ್ಕರ ಆಸುಪಾಸಿನಲ್ಲೇ ಫೇಲು. ಮರಳಿನಲ್ಲಿರುವ ಬೆಣಚುಕಲ್ಲಿನ ಪುಡಿಗೆ 7. ಆದ್ದರಿಂದ ಏಳಕ್ಕಿಂತ ಕಡಿಮೆ ಅಂಕದ ಹರಳು ಗಾರೆ ಮೇಸ್ತ್ರಿಯ ಕೈಯಲ್ಲಿ ಮಂಕಾಗುವುದು ಖಚಿತ, ವಜ್ರವೇ ಶರಣು ಎಂದು ಇವರ ತರ್ಕ. ಖಂಡನೆ: ಮೋಸ್ ಅಳೆದದ್ದು ಗೀರನ್ನು, ಪೆಟ್ಟನ್ನಲ್ಲ. ವಜ್ರಕ್ಕೆ ನಾಲ್ಕು ದಿಕ್ಕುಗಳಲ್ಲಿ ಸೀಳುವ ಗುಣವಿದೆ. ಸರಿಯಾದ ಕೋನದಲ್ಲಿ ಸುತ್ತಿಗೆ ಬಿದ್ದರೆ ಹತ್ತಕ್ಕೆ ಹತ್ತು ತೆಗೆದದ್ದೂ ಎರಡು ಐದಾಗುತ್ತದೆ.

ಎರಡನೆಯವರು ಟಂಗ್‌ಸ್ಟನ್‌ವಾದಿಗಳು. ಲೇತ್ ಮೆಷಿನ್ನಿನಲ್ಲಿ ಕಬ್ಬಿಣ ಕೊರೆಯುವ ಟಂಗ್‌ಸ್ಟನ್ ಕಾರ್ಬೈಡಿನ ಉಂಗುರಕ್ಕೆ ಗೀರು ಬೀಳುವುದೇ ಅಪರೂಪ. ಆದರೆ ಅತ್ತೆಮನೆಯ ಊಟಕ್ಕೆ ಬೆರಳು ದಪ್ಪವಾದರೆ ಇದನ್ನು ಹಿಗ್ಗಿಸಲು ಯಾವ ಅಕ್ಕಸಾಲಿಗೂ ಆಗದು. ಬೆರಳು ಬಾತುಕೊಂಡಾಗ ಚಿನ್ನವನ್ನು ಸಲೀಸಾಗಿ ಕತ್ತರಿಸುವ ಆಸ್ಪತ್ರೆಯ ಪುಟ್ಟ ಗರಗಸವೂ ಇದರ ಮುಂದೆ ಸೋಲುತ್ತದೆ. ಇಕ್ಕಳದಲ್ಲಿ ಅದುಮಿ ಒಡೆಯಬೇಕು.

ಮೂರನೆಯವರು ಚಿನ್ನವಾದಿಗಳು, ಅಂದರೆ ಅಜ್ಜಿಯಂದಿರು. ಅಪ್ಪಟ 24 ಕ್ಯಾರಟ್ ಮೆತ್ತಗೆ. 916 ಮುದ್ರೆಯ 22 ಕ್ಯಾರಟ್ ತುಸು ವಾಸಿ. ಸಾವಿರಕ್ಕೆ 750 ಪಾಲು ಚಿನ್ನವಿರುವ 18 ಕ್ಯಾರಟ್, ತಾಮ್ರ-ಬೆಳ್ಳಿಗಳ ಸಹವಾಸದಿಂದ ಇನ್ನೂ ಗಟ್ಟಿ. ಅಜ್ಜಿಯ ಪ್ರಶ್ನೆ ಒಂದೇ: “ಅಡ ಇಟ್ರೆ ಎಷ್ಟು ಕೊಡ್ತಾರೆ?” ಇದಕ್ಕೆ ಖಂಡನೆ ಇಲ್ಲ.

ಶಾಕುಂತಲ ಪ್ರಮಾಣ

ಕಾಳಿದಾಸನ ಶಕುಂತಲೆ ಆಶ್ರಮದ ಗಿಡಗಳಿಗೆ ನೀರು ಹೊರುತ್ತಿದ್ದ ಹುಡುಗಿ. ಹಾಗಾಗಿ ನಮ್ಮ ಅಧಿಕಾರಿಗಳ ಪೈಕಿಯವಳೇ. ದುಷ್ಯಂತ ಅವಳ ಅಳತೆ ಕೇಳದೆ ತನ್ನ ಉಂಗುರವನ್ನೇ ಕೊಟ್ಟ. ಅದು ಶಚೀತೀರ್ಥದಲ್ಲಿ ಜಾರಿ ಮೀನಿನ ಹೊಟ್ಟೆ ಸೇರಿತು. ಲೋಕ ಶಾಪವಿತ್ತ ದೂರ್ವಾಸರನ್ನು ಬೈಯುತ್ತದೆ. ಸೈಜಿನ ವಿಚಾರ ಯಾರೂ ಎತ್ತುವುದಿಲ್ಲ. ಉಂಗುರ ಮೀನಿನ ಹೊಟ್ಟೆಯಿಂದ ಹಾಗೇ ಹೊರಬಂತು, ಕಷ್ಟಪಟ್ಟದ್ದು ತೊಟ್ಟವಳು. ಬಾಳಿಕೆ ಎಂಬ ಗುಣ ಯಾರ ಉಪಕಾರಕ್ಕೆ ಎಂಬ ಸಂಶಯ ಹುಟ್ಟುವುದು ಇಲ್ಲಿಯೇ.

ಸಿದ್ಧಾಂತ

ಮೂರೂ ಪಕ್ಷದವರು ಉಂಗುರದ ಆಯುಸ್ಸು ಲೆಕ್ಕ ಹಾಕಿದರು, ಬೆರಳಿನದ್ದನ್ನಲ್ಲ. ಲಾರಿಯಿಂದ ಜಿಗಿಯುವಾಗ ಕೊಕ್ಕೆಗೋ, ತಿರುಗುವ ಯಂತ್ರಕ್ಕೋ ಉಂಗುರ ಸಿಕ್ಕಿಕೊಂಡರೆ ಚರ್ಮ ಕೈಗವಸಿನಂತೆ ಸುಲಿದು ಬರುತ್ತದೆ. ಕೆಲವೊಮ್ಮೆ ಬೆರಳೇ ಹೋಗುತ್ತದೆ. ಬಿಡದ ಉಂಗುರವೇ ಇಲ್ಲಿ ಅಪಾಯ. ಕರೆಂಟಿಗಂತೂ ಬಂಗಾರ ರಾಜಮಾರ್ಗ.

ಆದ್ದರಿಂದ ಉಂಗುರ ಎರಡು ವಿಧ. ಹಬ್ಬಕ್ಕೆ 18 ಕ್ಯಾರಟ್: ಹರಳು ತಲೆಯೆತ್ತದೆ, ಸುತ್ತ ಲೋಹದ ಅಂಚಿನೊಳಗೆ ಹುದುಗಿರಬೇಕು, ಕೊಂಡಿಗಳಿದ್ದರೆ ಬಟ್ಟೆ, ಬಲೆ, ಬ್ಯಾಂಡೇಜು ಎಲ್ಲಕ್ಕೂ ಸಿಕ್ಕಿಕೊಳ್ಳುತ್ತವೆ. ಕೆಲಸಕ್ಕೆ ಸಿಲಿಕೋನಿನದ್ದು: ಜೋರಾಗಿ ಎಳೆದರೆ ತಾನೇ ಹರಿಯುತ್ತದೆ. ಯಂತ್ರದ ಮುಂದೆ ನಿಲ್ಲುವವರಿಗೆ ಬರಿಗೈಯೇ ಉತ್ತಮ ಪಕ್ಷ.

ಆಕ್ಷೇಪ, ಸಮಾಧಾನ

“ನಿಶ್ಚಿತಾರ್ಥದ ಉಂಗುರ ಹರಿಯೋದು ಅಪಶಕುನ ಅಲ್ವಾ ಬೀಗಿತ್ತಿ?” ಎಂದು ಹುಡುಗನ ತಾಯಿ ಆಕ್ಷೇಪಿಸಬಹುದು. ಸಮಾಧಾನ: ಹರಿದದ್ದು ಸಿಲಿಕೋನು, ಉಳಿದದ್ದು ನಿಮ್ಮ ಮಗನ ಬೆರಳು, ಧಾರೆಯ ದಿನ ತಾಳಿಗೆ ಮೂರು ಗಂಟು ಹಾಕಬೇಕಾದದ್ದು ಅದೇ.

ಫಲಶ್ರುತಿ

ಇದನ್ನು ಓದಿ ಅಂಗಡಿಗೆ ಹೋದವರಿಗೆ ಹತ್ತು ಬೆರಳೂ ಉಳಿಯುವುವು. ಓದದೆ ಹೋದವರಿಗೆ ಇಎಂಐ ಮಾತ್ರ ಬಾಳಿಕೆ ಬರುವುದು.