ವಾರದ ಹವಾಮಾನ ಮುನ್ನೋಟವನ್ನು ಬರೆಯುವ ಮಹಾಶಯರಿಗೊಂದು ಬಹಿರಂಗ ಪತ್ರ

ಕೆ.ಬಿ. ಬಡಾವಣೆ, ದಾವಣಗೆರೆ
ಫಾಲ್ಗುಣ ಮಾಸ

ಮಾನ್ಯ ಮಹಾಶಯರೆ,

ತಮ್ಮ ನಾಮಧೇಯವನ್ನು ಈ ಬಡಾವಣೆಯ ನಿವಾಸಿಗಳಾದ ನಾವು ಯಾರೂ ಅರಿಯೆವು. ಪ್ರತಿ ಗುರುವಾರವೂ ಭಾರತ ಹವಾಮಾನ ಇಲಾಖೆಯಿಂದ ಮುಂದಿನ ಎರಡು ವಾರಗಳ ಹವೆಯನ್ನು ಕುರಿತ ಮುನ್ನೋಟವೊಂದು ಹೊರಡುವುದೆಂದೂ, ಅದು ಕೈಯಿಂದ ಕೈಗೆ ಸಾಗಿ, ಮೈಸೊರಗಿ, ಕನ್ನಡಕ್ಕೆ ಬಂದು, ಕಡೆಗೆ ಅಡಿಕೆಯ ಧಾರಣೆಗೂ ಶ್ರದ್ಧಾಂಜಲಿಯ ಪ್ರಕಟಣೆಗಳಿಗೂ ನಡುವಣ ಅಂಗುಲದಷ್ಟು ಸ್ಥಳದಲ್ಲಿ ನಮಗೆ ದರ್ಶನವೀಯುವುದೆಂದೂ ಮಾತ್ರ ಬಲ್ಲೆವು. ಆ ಅಂಗುಲದ ಬರಹವನ್ನು ರಚಿಸುವ ಮಹನೀಯರು ಯಾರೇ ಆಗಿರಲಿ, ಈ ಪತ್ರವು ಅವರಿಗೆ ಸಲ್ಲತಕ್ಕದ್ದು. ಬೆಳಗಿನ ವಾಯುವಿಹಾರವನ್ನು ಮುಗಿಸಿ ಚಹದ ಅಂಗಡಿಯ ಮುಂದೆ ನೆರೆಯುವ ನಮ್ಮ ಸಭಿಕರು ತಮ್ಮನ್ನು ಕುರಿತು ಆಡುವ ಮಾತುಗಳನ್ನು ಯಥಾವತ್ತಾಗಿ ಬರೆದರೆ ಸಭ್ಯತೆಗೆ ಭಂಗ ಬರುವುದಾದುದರಿಂದ, ಅವುಗಳ ಸಾರವನ್ನು ಸೋಸಿ ನಿವೇದಿಸುವ ಭಾರವನ್ನು ನಾನು ವಹಿಸಿಕೊಂಡಿರುವೆನು.

ನಮ್ಮ ಮೊದಲನೆಯ ದೂರು ಇದು: ತಾವು ತಮಗೆ ಗೊತ್ತಿರುವಷ್ಟನ್ನೇ ಹೇಳುತ್ತೀರಿ. ಈ ನಡತೆಯು ನಮ್ಮ ಊರಿಗೆ ಒಗ್ಗುವುದಿಲ್ಲ.

ಫಾಲ್ಗುಣ ಹುಟ್ಟಿತೆಂದರೆ ತಮ್ಮ ಬರಹದ ಸ್ವರೂಪವು ನಮಗೆ ಕಂಠಪಾಠ. ದಕ್ಷಿಣ ಒಳನಾಡಿನಲ್ಲಿ ಮುಖ್ಯವಾಗಿ ಒಣಹವೆ ಇರುವುದು. ಗರಿಷ್ಠ ಉಷ್ಣಾಂಶವು ಸಾಮಾನ್ಯಕ್ಕಿಂತ ಒಂದೆರಡು ಡಿಗ್ರಿ ಅಧಿಕವಾಗಿರಬಹುದು. ವಾರದ ಕೊನೆಯ ಭಾಗದಲ್ಲಿ ಒಂದೆರಡು ಕಡೆ ಗುಡುಗು ಸಹಿತ ಹಗುರ ಮಳೆಯ ಸಾಧ್ಯತೆ ಇದೆ. ಇದರಲ್ಲಿ ಸುಳ್ಳೆಂಬುದು ಎಳ್ಳಷ್ಟೂ ಇಲ್ಲ. ಶಿವರಾತ್ರಿಗೆ ಚಳಿಯು ಶಿವಶಿವಾ ಎಂದು ಹೊರಟುಹೋದ ಮೇಲೆ, ಒಳನಾಡಿನ ಮೇಲಣ ಗಾಳಿಯು ಎತ್ತರದಿಂದ ಮೆಲ್ಲಮೆಲ್ಲನೆ ಕೆಳಕ್ಕಿಳಿಯುತ್ತ ಮೋಡವನ್ನು ಕಟ್ಟಗೊಡದೆ, ಆಕಾಶವನ್ನು ಬೆಳಗಿಟ್ಟ ಹರಿವಾಣದಂತೆ ಇರಿಸುವುದು. ಬೆಳಗಿನ ಜಾವದಲ್ಲಿ ಹೊದಿಕೆಯನ್ನು ಬಯಸಿದವನೇ ಮಧ್ಯಾಹ್ನ ಫ್ಯಾನಿನ ಕೆಳಗೆ ಅಂಗಿಯನ್ನು ಬಿಚ್ಚಿ ಕುಳಿತುಕೊಳ್ಳುವನು. ಮುಂದೆ ಮಾರ್ಚಿ ತಿಂಗಳು ಮುಂದರಿದಂತೆ ನೆಲವು ಕಾದು, ಅರಬ್ಬೀ ಸಮುದ್ರದ ಕಡೆಯಿಂದಲೂ ಬಂಗಾಳ ಕೊಲ್ಲಿಯ ಕಡೆಯಿಂದಲೂ ಬರುವ ತೇವದ ಗಾಳಿಗಳು ನಮ್ಮ ಒಳನಾಡಿನ ಮೇಲೆಲ್ಲಿಯೋ ಒಂದನ್ನೊಂದು ಸಂಧಿಸಿದರೆ, ಆ ಸಂಧಿಯ ಗೆರೆಯ ಮೇಲೆ ಯಾವುದೋ ಒಂದು ಹೊಲದ ನೆತ್ತಿಯಲ್ಲಿ ಮೋಡವೊಂದು ಸಂಜೆಯ ವೇಳೆಗೆ ಪರ್ವತದೆತ್ತರಕ್ಕೆ ಬೆಳೆದು, ಗುಡುಗಿ, ಸುರಿದು, ಗಂಟೆಯೊಳಗೆ ಹೇಳಹೆಸರಿಲ್ಲದಂತಾಗುವುದು. ಆ ಹೊಲವು ಯಾವುದೆಂದು ಹಿಂದಿನ ಗುರುವಾರವೇ ಹೇಳಬಲ್ಲವರು ಭೂಮಿಯ ಮೇಲೆ ಇಲ್ಲ. ಆದರೆ ಮಹಾಶಯರೆ, ನಮಗೆ ಬೇಕಾದುದು ಆ ಹೊಲದ ಸರ್ವೇ ನಂಬರು!

ಒಂದೆರಡು ಕಡೆ ಎಂದರೆ ಮಳೆಮಾಪನ ಕೇಂದ್ರಗಳಲ್ಲಿ ನೂರಕ್ಕೆ ಇಪ್ಪತ್ತೈದರವರೆಗೆ ಎಂಬುದಾಗಿ ತಮ್ಮ ಶಾಸ್ತ್ರದಲ್ಲಿ ನಿಯಮವಿದೆ. ಆ ಕೇಂದ್ರಗಳಾದರೋ ದಕ್ಷಿಣ ಒಳನಾಡೆಂಬ ಒಂದೇ ವಿಭಾಗದೊಳಗೆ ಕೊಡಗಿನಿಂದ ಕೋಲಾರದವರೆಗೆ ಹಬ್ಬಿಕೊಂಡಿವೆ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಆಗುಂಬೆಯೂ, ಅದರ ಹತ್ತನೆಯ ಒಂದು ಭಾಗವನ್ನು ಕಂಡರೆ ಹಬ್ಬ ಮಾಡುವ ನಮ್ಮ ದಾವಣಗೆರೆಯೂ ತಮ್ಮ ಲೆಕ್ಕದಲ್ಲಿ ಏಕಪಂಕ್ತಿಯ ಭೋಜನಕ್ಕೆ ಕುಳಿತ ನೆಂಟರು. ಮಡಿಕೇರಿಯಲ್ಲಿ ನಾಲ್ಕು ಹನಿ ಉದುರಿದರೆ ತಮ್ಮ ಮಾತು ಕೆ.ಬಿ. ಬಡಾವಣೆಯಲ್ಲಿಯೂ ನಿಜವಾದಂತೆ! ಇನ್ನು ಹರಿಹರದವರ ಪಾಡಂತೂ ವಿಚಿತ್ರವಾದುದು. ಅಲ್ಲಿಯ ಒಬ್ಬ ಗೃಹಸ್ಥನು ಬೆಳಿಗ್ಗೆ ಉಪಾಹಾರವನ್ನು ಮುಗಿಸಿ, ತುಂಗಭದ್ರೆಯ ಸೇತುವೆಯನ್ನು ದಾಟಿ, ಆಚೆಯ ದಡದ ಕುಮಾರಪಟ್ಟಣದ ಕಾರ್ಖಾನೆಗೆ ಕೆಲಸಕ್ಕೆ ಹೋಗುವನಾದರೆ, ಹೊಳೆಯ ನಡುಮಧ್ಯದಲ್ಲಿ ಅವನು ದಕ್ಷಿಣ ಒಳನಾಡನ್ನು ತ್ಯಜಿಸಿ ಉತ್ತರ ಒಳನಾಡನ್ನು ಪ್ರವೇಶಿಸುವನು. ಏಕೆಂದರೆ ಆಚೆಯ ದಡವು ಹಾವೇರಿ ಜಿಲ್ಲೆಗೆ ಸೇರಿದುದು. ಈಚೆಗೆ ಒಣಹವೆ, ಆಚೆಗೆ ಗುಡುಗು ಎಂದು ತಾವು ಬರೆದ ದಿವಸ ಅವನು ಕೊಡೆಯನ್ನು ಮನೆಯಿಂದ ಒಯ್ಯಬೇಕೋ, ಸೇತುವೆಯ ಕಂಬಕ್ಕೆ ತೂಗುಹಾಕಿ ಹೋಗಬೇಕೋ ಎಂಬುದನ್ನು ಕುರಿತು ತಮ್ಮ ಮುನ್ನೋಟವು ಮೌನವಾಗಿದೆ.

ಉಷ್ಣಾಂಶದ ವಿಚಾರದಲ್ಲಿಯೂ ನಮಗೆ ಸಮಾಧಾನವಿಲ್ಲ. ತಾವು ಅಳೆಯುವುದು ಸುಣ್ಣದಷ್ಟು ಬಿಳಿಯ ಬಣ್ಣವನ್ನು ಬಳಿದ, ಸುತ್ತಲೂ ಗಾಳಿಯಾಡಲು ಸೀಳುಹಲಗೆಗಳುಳ್ಳ ಮರದ ಪೆಟ್ಟಿಗೆಯೊಳಗೆ, ಹುಲ್ಲುನೆಲದಿಂದ ನಾಲ್ಕಡಿ ಎತ್ತರದಲ್ಲಿ, ನೆರಳಿನಲ್ಲಿ ತಣ್ಣಗಿರುವ ಗಾಳಿಯನ್ನು. ಆ ಪೆಟ್ಟಿಗೆಯನ್ನು ರೂಪಿಸಿದವನು ಕಾದಂಬರಿಕಾರ ಸ್ಟೀವನ್‌ಸನ್ನನ ತಂದೆ, ದೀಪಸ್ತಂಭಗಳನ್ನು ಕಟ್ಟುತ್ತಿದ್ದ ಥಾಮಸ್ ಸ್ಟೀವನ್‌ಸನ್ ಎಂಬವನು; ಸ್ಕಾಟ್ಲೆಂಡಿನವನಾದ ಆತನಿಗೆ ನಮ್ಮ ಬಿಸಿಲಿನ ಪರಿಚಯವಿರಲಿಲ್ಲವೆಂದು ಮನ್ನಿಸಬಹುದು. ಆದರೆ ನಮ್ಮ ಬಡಾವಣೆಯಲ್ಲಿ ಹುಲ್ಲೆಲ್ಲಿ? ರಸ್ತೆಯು ಕಾಂಕ್ರೀಟು, ಅಂಗಳವು ಟೈಲ್ಸು. ಇದ್ದ ಬೇವು ಹೊಂಗೆಗಳಲ್ಲಿ ಕೆಲವು ರಸ್ತೆಯ ಅಗಲಕ್ಕೆ, ಕೆಲವು ವಿದ್ಯುತ್ ತಂತಿಗೆ, ಉಳಿದವು ಕಾರು ನಿಲ್ಲಿಸುವ ಅನುಕೂಲಕ್ಕೆ ಬಲಿಯಾದುವು. ನೆರಳನ್ನು ಕಡಿಸಿದವರು ನಾವೇ ಆದರೂ, ಮುನ್ನೋಟದಲ್ಲಿ 35 ಡಿಗ್ರಿ ಎಂದು ಓದಿದ ಕೂಡಲೆ, ಇದು ಶುದ್ಧ ಸುಳ್ಳು, ಇಲ್ಲಿ ನಲವತ್ತಕ್ಕೆ ಕಡಿಮೆಯಿಲ್ಲ ಎಂದು ತಮ್ಮನ್ನು ಹಳಿಯುವ ಹಕ್ಕನ್ನು ಬಿಟ್ಟುಕೊಡತಕ್ಕವರಲ್ಲ. ಇದರ ಮೇಲೆ ಆ ಸಾಮಾನ್ಯವೆಂಬುದೊಂದಿದೆ. ಮೂವತ್ತು ವರ್ಷಗಳ ಸರಾಸರಿಯೇ ಸಾಮಾನ್ಯವೆಂಬುದು ಜಾಗತಿಕ ರೂಢಿಯಷ್ಟೆ. 1981ರಿಂದ 2010ರವರೆಗಿನ ಲೆಕ್ಕವು ಹೋಗಿ ಈಗ 1991ರಿಂದ 2020ರವರೆಗಿನ ಲೆಕ್ಕವು ಬಂದಿದೆ. ನಿನ್ನೆಯ ಮಿತಿಮೀರಿದ ಸೆಖೆಯನ್ನು ಇಂದಿನ ಸಾಮಾನ್ಯದೊಳಕ್ಕೆ ಹೀಗೆ ಗದ್ದಲವಿಲ್ಲದೆ ಬಡ್ತಿಕೊಟ್ಟು ಸೇರಿಸಿಕೊಳ್ಳುವ ಆಡಳಿತ ಚಾತುರ್ಯವನ್ನು ನಾವು ಬೇರೆ ಕಚೇರಿಗಳಲ್ಲಿ ಮಾತ್ರ ಕಂಡಿದ್ದೆವು. ಬಯಲುಸೀಮೆಯಲ್ಲಿ 40 ಡಿಗ್ರಿಯನ್ನು ಮುಟ್ಟದೆ ಉಷ್ಣ ಅಲೆಯೆಂಬ ಬಿರುದು ದೊರೆಯದಂತೆ. 39ರಲ್ಲಿ ಬೆವರುವವನಿಗೆ ಯಾವ ಮರ್ಯಾದೆಯೂ ಇಲ್ಲವೆಂದಾಯಿತು.

ನಮ್ಮ ಮನೆಯ ಎದುರಿನ ಮಾಳಿಗೆಯ ಮೇಲೆ ಈ ಋತುವಿನಲ್ಲಿ ನಡೆಯುವುದನ್ನು ತಾವು ಒಮ್ಮೆ ಬಂದು ನೋಡಬೇಕು. ಹಳೆಯ ಬಿಳಿ ಪಂಚೆಯನ್ನು ಹಾಸಿ, ನಾಲ್ಕು ಮೂಲೆಗೆ ಇಟ್ಟಿಗೆಯ ಚೂರುಗಳನ್ನು ಹೇರಿ, ಬಿಸಿಯಾರದ ಅಕ್ಕಿಯ ಹಿಟ್ಟನ್ನು ಚಕ್ಕುಲಿಯ ಒರಳಿನಿಂದ ಒತ್ತಿ ಸಾಲುಸಾಲಾಗಿ ಸಂಡಿಗೆಯನ್ನಿಟ್ಟು, ಕಾಗೆಗಳು ಬೆದರಲೆಂದು ಕರಿಯ ಕೊಡೆಯೊಂದನ್ನು ಬಿಚ್ಚಿ ನಿಲ್ಲಿಸಿರುವರು. ಮೊದಲ ದಿನದ ಬಿಸಿಲಿಗೆ ಮೇಲ್ಮೈಯು ಗಟ್ಟಿಯಾದರೆ, ಮಾರನೆಯ ದಿನ ಪಂಚೆಯ ಹಿಂಬದಿಗೆ ನೀರು ಚಿಮುಕಿಸಿ, ಒಂದೊಂದನ್ನೇ ಮುರಿಯದಂತೆ ಬಿಡಿಸಿ, ಮಗುಚಿ ಹಾಕಬೇಕು. ಮೂರನೆಯ ದಿನಕ್ಕೆ ಮುಷ್ಟಿಯಲ್ಲಿ ಹಿಡಿದು ಅಲುಗಿಸಿದರೆ ಗಲಗಲ ಸದ್ದು ಬರಬೇಕು. ನಡುವೆ ಒಂದು ಸಂಜೆ ಮೋಡ ಕವಿದರೆ ಸಂಡಿಗೆಯು ಹುಳಿತು, ವರ್ಷಪೂರ್ತಿ ಎಣ್ಣೆಯಲ್ಲಿ ಅರಳದೆ ಮೊಂಡು ಹಿಡಿಯುವುದು. ಆ ಮನೆಯ ಅಜ್ಜಿಯವರು ತಮ್ಮ ಮುನ್ನೋಟವನ್ನು ಓದುವವರಲ್ಲ. ಅವರು ಬೆಳಿಗ್ಗೆ ಎದ್ದೊಡನೆ ಅಡಿಗೆಮನೆಯ ಮೂಲೆಯಲ್ಲಿರುವ ಕಲ್ಲುಪ್ಪಿನ ಭರಣಿಗೆ ಕೈಯಿಕ್ಕಿ, ಬೆರಳುಗಳನ್ನು ಉಜ್ಜಿ ನೋಡಿ, ಸೊಸೆಯನ್ನು ಕರೆದು, “ಉಪ್ಪು ನೀರೊಡದೈತಿ ಕಣವ್ವಾ, ಇವತ್ತು ಸಂಡಿಗಿ ಇಡಬ್ಯಾಡ” ಎನ್ನುವರು. ಗಾಳಿಯ ತೇವಾಂಶವನ್ನು ಅಳೆಯಲು ಉಪ್ಪಿಗಿಂತ ಅಗ್ಗದ ಉಪಕರಣವು ತಮ್ಮಲ್ಲಿಯೂ ಇರಲಾರದು. ಆದರೆ ಅಜ್ಜಿಯವರ ಭರಣಿಯು ಹೇಳುವುದು ಆ ಹೊತ್ತಿನ ಸಂಗತಿಯನ್ನೇ ಹೊರತು ಮುಂದಿನ ಶನಿವಾರದ್ದನ್ನಲ್ಲ. ಮೂರು ದಿನ ಮುಂದಣ ಬಿಸಿಲನ್ನು ಕೇಳಬೇಕಾದರೆ ಅವರ ಸೊಸೆಯು ಕಣ್ಣುತಪ್ಪಿಸಿ ಮೊಬೈಲಿನಲ್ಲಿ ತಮ್ಮನ್ನೇ ನೋಡುವಳು. ಹಾಗೆಯೇ, ನೆನೆಸಿ ಬೇಯಿಸಿದ ಭತ್ತವನ್ನು ಅಂಗಳದಲ್ಲಿ ಹರವಿಕೊಂಡು ಕುಳಿತ ಮಂಡಕ್ಕಿ ಭಟ್ಟಿಯವನೂ ನೋಡುವನು. ನೋಡಿದುದನ್ನು ಮಾತ್ರ ಯಾರೂ ಒಪ್ಪುವುದಿಲ್ಲ.

ತಮಗೆ ಪ್ರತಿಸ್ಪರ್ಧಿಗಳಾದವರಿಂದ ತಾವು ಏನನ್ನೂ ಕಲಿಯದಿರುವುದೇ ತಮ್ಮ ಅಪಕೀರ್ತಿಗೆ ಕಾರಣವೆಂದು ನನ್ನ ಅಭಿಪ್ರಾಯ. ಇನ್ನು ಕೆಲವೇ ದಿನಗಳಲ್ಲಿ ಯುಗಾದಿಯು ಬರುವುದು. ಬೇವುಬೆಲ್ಲದ ತರುವಾಯ ಪಂಚಾಂಗ ಶ್ರವಣವಾಗುವುದು. ಅದರಲ್ಲಿ ಈ ಸಂವತ್ಸರದ ಮೇಘ ಯಾವುದು, ಮಳೆ ಎಷ್ಟು ಆಢಕ, ಅದರೊಳಗೆ ಸಮುದ್ರಕ್ಕೆಷ್ಟು ಪಾಲು, ಪರ್ವತಕ್ಕೆಷ್ಟು, ಭೂಮಿಗೆಷ್ಟು ಎಂಬುದೆಲ್ಲವೂ ಅಣ್ಣತಮ್ಮಂದಿರ ವಿಭಾಗಪತ್ರದಷ್ಟು ಖಚಿತವಾಗಿ ಹೇಳಲ್ಪಟ್ಟಿರುವುದು. ವರಾಹಮಿಹಿರನಂತೂ ಮೋಡವು ಗರ್ಭಕಟ್ಟಿದ 195 ದಿನಗಳ ಮೇಲೆ ಮಳೆಯಾಗಿ ಪ್ರಸವವಾಗುವುದೆಂದು ಬರೆದು, ಈ ಫಾಲ್ಗುಣದ ಮೋಡದ ಲೆಕ್ಕವನ್ನು ಭಾದ್ರಪದದವರೆಗೆ ಮುಂದೂಡಿದನು. ಅಲ್ಲಿಯವರೆಗೆ ಲೆಕ್ಕವನ್ನು ನೆನಪಿಟ್ಟು ಕೇಳುವವರು ಯಾರು? ತಾವಾದರೆ ಗುರುವಾರ ಹೇಳಿ ಶನಿವಾರವೇ ಸಿಕ್ಕಿಬೀಳುತ್ತೀರಿ.

ಮೈಲಾರದ ಕಾರಣಿಕವನ್ನು ನೋಡಿರಿ. ಇಲ್ಲಿಂದ ಹೆಚ್ಚು ದೂರವಿಲ್ಲ. ಭರತ ಹುಣ್ಣಿಮೆಯ ಜಾತ್ರೆಗೆ ನಮ್ಮ ಕಡೆಯಿಂದ ಎತ್ತಿನ ಗಾಡಿಗಳು ಇಂದಿಗೂ ಹೋಗುವುವು. ಡೆಂಕನಮರಡಿಯಲ್ಲಿ ಲಕ್ಷಾಂತರ ಜನರು ಉಸಿರನ್ನು ಬಿಗಿಹಿಡಿದು ನಿಂತಿರುವಾಗ, ಉಪವಾಸವಿದ್ದ ಗೊರವಯ್ಯನು ಬಿಲ್ಲನ್ನೇರಿ, “ಸದ್ದಲೇ” ಎಂದು ಕೂಗಿ, ಆ ನಿಶ್ಶಬ್ದದಲ್ಲಿ ಒಂದೇ ಒಂದು ವಾಕ್ಯವನ್ನು ನುಡಿದು ಕೆಳಕ್ಕೆ ಬೀಳುವನು. ಇಡೀ ವರ್ಷದ ಮಳೆ, ಬೆಳೆ, ರಾಜಕಾರಣ ಸಮಸ್ತವೂ ಆ ಒಂದು ವಾಕ್ಯದೊಳಗೆ ಅಡಕವಾಗಿರುವುದು. ಅದರ ಅರ್ಥವನ್ನು ಹೇಳುವ ಹೊಣೆಯು ಕೇಳಿದವರದೇ. ಮಳೆ ಬಂದರೆ ಆ ವಾಕ್ಯದಲ್ಲಿ ಅದು ಇದ್ದೇ ಇತ್ತು. ಬಾರದಿದ್ದರೆ ನಾವು ಅರ್ಥೈಸಿಕೊಂಡ ಬಗೆಯು ತಪ್ಪು. ಇಷ್ಟು ಸಂಕ್ಷಿಪ್ತವಾದ, ಇಷ್ಟು ದೀರ್ಘಕಾಲ ಬಾಳುವ ಮುನ್ನೋಟವನ್ನು ಬಿಟ್ಟು, ಮಿಲಿಮೀಟರುಗಳನ್ನು ಬರೆದು ಸಾಕ್ಷ್ಯವನ್ನು ಉಳಿಸುವ ದುರ್ಬುದ್ಧಿಯು ತಮಗೇಕೆ ಬಂದಿತು?

ತಮ್ಮ ಕುಲದ ಪೂರ್ವಿಕರಿಗೂ ಇದೇ ಗತಿಯಾಯಿತೆಂದು ಕೇಳಿಬಲ್ಲೆ. 1861ರ ಆಗಸ್ಟ್ 1ರಂದು ಲಂಡನ್ನಿನ ಟೈಮ್ಸ್ ಪತ್ರಿಕೆಯಲ್ಲಿ ಮೊದಲ ಹವಾಮುನ್ಸೂಚನೆಯನ್ನು ಅಚ್ಚುಮಾಡಿಸಿದ ನೌಕಾಧಿಕಾರಿ ಫಿಟ್ಜ್‌ರಾಯನನ್ನು ಪತ್ರಿಕೆಗಳವರೂ ಪಂಡಿತರೂ ಹಾಸ್ಯ ಮಾಡಿದರು. ಆತನು 1865ರಲ್ಲಿ ತೀರಿಕೊಂಡ ಮರುವರ್ಷವೇ ಮುನ್ಸೂಚನೆಗಳನ್ನೂ ಬಿರುಗಾಳಿಯ ಎಚ್ಚರಿಕೆಗಳನ್ನೂ ನಿಲ್ಲಿಸಿಬಿಟ್ಟರು. ಎಚ್ಚರಿಕೆಗಳನ್ನು ಮತ್ತೆ ಕೊಡಿರೆಂದು ಒತ್ತಾಯಿಸಿದವರು ಪಂಡಿತರಲ್ಲ, ಕಡಲಿಗಿಳಿಯುವ ಜನ. ನೂರು ವರ್ಷಗಳಾದ ಮೇಲೆ ಲೊರೆಂಜ್ ಎಂಬ ಅಮೆರಿಕದ ವಿಜ್ಞಾನಿಯು ಗಣಕಯಂತ್ರಕ್ಕೆ .506127 ಎಂದು ಕೊಡಬೇಕಾದೆಡೆ .506 ಎಂದು ಕೊಟ್ಟನು. ಅಷ್ಟರಿಂದಲೇ ಆ ಯಂತ್ರದೊಳಗಿನ ಹವೆಯು ಬೇರೆಯೇ ದಾರಿಯನ್ನು ಹಿಡಿಯಿತು. ದೂರದ ದಿನಗಳ ಹವೆಯನ್ನು ಚಾಚೂತಪ್ಪದೆ ಹೇಳುವುದು ಅಸಾಧ್ಯವೆಂದು ಆತನು 1963ರಲ್ಲಿಯೇ ಬರೆದು ಕೈತೊಳೆದುಕೊಂಡನು. ಕೆ.ಬಿ. ಬಡಾವಣೆಯ ಸಭಿಕರು ಲೊರೆಂಜನನ್ನು ಕ್ಷಮಿಸಿದ್ದಾರೆ. ಆತನು ನಮ್ಮ ಊರಿನ ಹೆಸರನ್ನೆತ್ತಲಿಲ್ಲ.

ಇತರರು ಭವಿಷ್ಯವನ್ನು ಹೇಳುವ ಠೀವಿಯನ್ನು ಕಂಡಾದರೂ ತಾವು ತಿದ್ದಿಕೊಳ್ಳಬಾರದೆ? ನಲ್ಲಿಯಲ್ಲಿ ನೀರು ಮಂಗಳವಾರ ಬೆಳಿಗ್ಗೆ ಬರುವುದೆಂದು ನಮಗೆ ಹೇಳುವವರು ಸಾಧ್ಯತೆಯೆಂಬ ಪದವನ್ನು ಬಳಸುವುದಿಲ್ಲ. ರಸ್ತೆಯ ಅಗೆತವು ಹದಿನೈದು ದಿನಗಳಲ್ಲಿ ಮುಚ್ಚಲ್ಪಡುವುದೆಂದು ಫಲಕ ಹಾಕುವವರು ಶೇಕಡಾ ಇಷ್ಟೆಂದು ಬರೆಯುವುದಿಲ್ಲ. ಭದ್ರಾ ಜಲಾಶಯದ ಮಟ್ಟವು ಗರಿಷ್ಠ 186 ಅಡಿಗೆ ಎಷ್ಟು ಕಡಿಮೆಯಿದೆಯೆಂಬುದನ್ನು ದಿನವೂ ಓದುವ ಅಚ್ಚುಕಟ್ಟಿನ ಕೊನೆಯಂಚಿನ ರೈತನಿಗೆ, ಬೇಸಿಗೆಯ ಭತ್ತಕ್ಕೆ ನಾಲೆಯ ನೀರು ಇಂತಹ ದಿನದಿಂದ ಇಂತಹ ದಿನದವರೆಗೆ ಹರಿಯುವುದೆಂದು ವೇದಿಕೆಯ ಮೇಲಿನಿಂದ ಸಾರುವವರ ಕಂಠದಲ್ಲಿ ಕಂಪನವೇ ಇರದು. 2023ರಲ್ಲಿ ಮುಂಗಾರು ಕೈಕೊಟ್ಟು ರಾಜ್ಯದ ಬಹುಪಾಲು ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾದ ಮೇಲೆ, ನಾಲೆಯ ನೀರನ್ನು ಸರದಿಯಲ್ಲಿ ಬಿಟ್ಟು ನಿಲ್ಲಿಸಿ, ನಿಲ್ಲಿಸಿ ಬಿಟ್ಟುದನ್ನು ನೋಡಿದ ರೈತನು, ಹೋದ ವಾರದ ಗುಡುಗು ಏಕೆ ಬರಲಿಲ್ಲವೆಂದು ತಮ್ಮನ್ನು ಬೈದನೇ ಹೊರತು ವೇದಿಕೆಯವರನ್ನು ದಿನಾಂಕ ಹಿಡಿದು ಕೇಳಲಿಲ್ಲ. ತಮ್ಮನ್ನು ಬೈಯುವುದಕ್ಕೆ ಖರ್ಚಿಲ್ಲ. ತಾವು ಯಾರ ಪಡಿತರ ಚೀಟಿಯನ್ನೂ ರದ್ದುಮಾಡಲಾರಿರಿ.

ಆದುದರಿಂದ ನಮ್ಮ ಬಡಾವಣೆಯ ಪರವಾಗಿ ನನ್ನದೊಂದೇ ಬಿನ್ನಹ. ತಮ್ಮ ಗುರುವಾರದ ಕಾಗದದೊಳಗೆ, ಹಿಂದಿನ ವಾರ ತಾವು ಹೇಳಿದ್ದೇನು, ನಡೆದದ್ದೇನು ಎಂಬುದನ್ನು ಪಕ್ಕಪಕ್ಕದಲ್ಲಿಟ್ಟು ತಾಳೆನೋಡುವ ಪದ್ಧತಿಯಿರುವುದಷ್ಟೆ. ಆ ತಾಳೆಪಟ್ಟಿಯನ್ನೂ ಅಂಗುಲದಷ್ಟು ಸ್ಥಳದಲ್ಲಿಯೇ ಹೇಗಾದರೂ ತುರುಕಿ ನಮ್ಮ ಕಣ್ಣಿಗೆ ಬೀಳುವಂತೆ ಮಾಡಿಸಿರಿ. ಅಚ್ಚುಕೂಟದವರು ಸ್ಥಳವಿಲ್ಲವೆಂದರೆ, ನಲ್ಲಿಯ ಸರದಿಯನ್ನೂ ರಸ್ತೆಯ ಗಡುವನ್ನೂ ನಾಲೆಯ ದಿನಾಂಕವನ್ನೂ ಕುರಿತು ಅದೇ ಪುಟದಲ್ಲಿ ಅಚ್ಚಾಗುವ ಪ್ರಕಟಣೆಗಳಿಗೂ ಇಂತಹ ತಾಳೆಪಟ್ಟಿಯನ್ನು ಲಗತ್ತಿಸತಕ್ಕದ್ದೆಂದು ಅವರಿಗೆ ಸೂಚಿಸಿರಿ. ಆಗ ಬೇಕಾದಷ್ಟು ಸ್ಥಳವು ತೆರವಾಗುವುದು.

ಮಂಗಳವಾರ ಬರಬೇಕಾಗಿದ್ದ ನೀರು ಈಗ, ಶುಕ್ರವಾರ ಮಧ್ಯಾಹ್ನ, ನಲ್ಲಿಯಲ್ಲಿ ಬರುತ್ತಿರುವುದರಿಂದ ಪತ್ರವನ್ನು ಇಲ್ಲಿಗೆ ನಿಲ್ಲಿಸಿದ್ದೇನೆ.

ಇಂತೀ ತಮ್ಮ ವಿಧೇಯ,
ಕೆ.ಬಿ. ಬಡಾವಣೆಯ ಒಬ್ಬ ನಿವಾಸಿ