ಎರಡು ಸೆಂಟ್ ಕಮ್ಮಿ ಬಿದ್ದ ವಜ್ರ

ಅಕ್ಕನ ಮಗನ ನಿಶ್ಚಿತಾರ್ಥಕ್ಕೆ ಮೂರೇ ವಾರ ಇತ್ತು. ‘ಉಂಗುರಕ್ಕೆ ಹರಳು ಆರಿಸಬೇಕು, ಬನ್ನಿ ಮಾವ’ ಎಂದು ಜಯನಗರದ ಒಂದು ಆಭರಣದಂಗಡಿಗೆ ಎಳೆದುಕೊಂಡು ಹೋದ. ನನಗೆ ವಜ್ರದ ಬಗ್ಗೆ ಗೊತ್ತಿದ್ದದ್ದು ವಜ್ರ ಮಹೋತ್ಸವ ಎಂದರೆ 60 ವರ್ಷ ಎಂಬುದೊಂದೇ. ಅವನೋ ಸಾಫ್ಟ್‌ವೇರಿನವನು. ಲ್ಯಾಪ್‌ಟಾಪ್ ಬಿಚ್ಚಿ, ಹದಿನಾಲ್ಕು ಕಾಲಂನ ಎಕ್ಸೆಲ್ ಹಾಳೆ ತೆರೆದು ಕೂತ. ಸೇಲ್ಸಿನ ಹುಡುಗ ಇಕ್ಕಳದಲ್ಲಿ ಒಂದೊಂದೇ ಹರಳನ್ನು ಕಪ್ಪು ವೆಲ್ವೆಟ್ಟಿನ ಮೇಲೆ ಇಡುವುದು, ಇವನು ಹಾಳೆ ನೋಡಿ ತಲೆಯಾಡಿಸುವುದು. ಹರಳನ್ನು ನೋಡಿದ್ದನ್ನು ನಾನಂತೂ ಕಾಣಲಿಲ್ಲ.

ಎರಡು ಬಾದಾಮಿ ಹಾಲು ಮುಗಿದ ಮೇಲೆ ಇಬ್ಬರೂ ರಿಯಾಯಿತಿಯ ಮಾತಿಗೆ ಮ್ಯಾನೇಜರ್ ಹತ್ತಿರ ಹೋದರು. ಬೇಡವೆಂದು ಪಕ್ಕಕ್ಕೆ ತಳ್ಳಿದ ಹರಳುಗಳ ಕಾವಲಿಗೆ ನಾನು ಉಳಿದೆ. ಅದರಲ್ಲೊಂದು ನನ್ನ ಕಡೆ ತಿರುಗಿ ಮಿಣಕ್ಕೆಂದಿತು.

ನಾನು: ನಮಸ್ಕಾರ. ತಮ್ಮನ್ನು ಯಾಕೆ ಬೇಡವೆಂದರು?

ವಜ್ರ: ನಲವತ್ತೆಂಟು ಸೆಂಟ್ ಕಣಯ್ಯಾ. ಐವತ್ತಿದ್ದಿದ್ದರೆ ಅರ್ಧ ಕ್ಯಾರೆಟ್ ಅನ್ನಿಸಿಕೊಳ್ಳುತ್ತಿದ್ದೆ. ನಿಮ್ಮ ಕಾಲದ ಎಸ್ಸೆಸ್ಸೆಲ್ಸಿಯಲ್ಲಿ 34 ತೆಗೆದವನ ಸ್ಥಿತಿ.

ನಾನು: ಸೆಂಟ್ ಎಂದರೆ? ನಮ್ಮ ಮಂಗಳೂರಿನ ನೆಂಟರು ಸೆಂಟ್ ಲೆಕ್ಕದಲ್ಲಿ ಜಾಗ ಮಾರುತ್ತಾರೆ.

ವಜ್ರ: ಅಲ್ಲಿ ನೂರು ಸೆಂಟಿಗೆ ಒಂದು ಎಕರೆ, ಇಲ್ಲಿ ನೂರು ಸೆಂಟಿಗೆ ಒಂದು ಕ್ಯಾರೆಟ್. ಐದು ಕ್ಯಾರೆಟ್ ಸೇರಿದರೆ ಒಂದು ಗ್ರಾಂ. ಅಕ್ಕಸಾಲಿಯ ತಕ್ಕಡಿಯಲ್ಲಿ ಇಟ್ಟರೆ ನಾನು ಒಂದು ಗುಲಗಂಜಿ ತೂಗುವುದಿಲ್ಲ. ಅರ್ಧ ಕ್ಯಾರೆಟ್ಟಿನವನಿಗೂ ನನಗೂ ಅಗಲದಲ್ಲಿ ಇರುವ ಅಂತರ ಹೆಚ್ಚೆಂದರೆ ಒಂದು ಕೂದಲೆಳೆ. ಬೆರಳಿಗೇರಿದ ಮೇಲೆ ಎಂಥ ಬೀಗಿತ್ತಿಯ ಕಣ್ಣಿಗೂ ಅದು ಬೀಳದು. ದರದ ಪಟ್ಟಿಯಲ್ಲಿ ಮಾತ್ರ ಐವತ್ತಕ್ಕೊಂದು ಮೆಟ್ಟಿಲು, ನೂರಕ್ಕೊಂದು ಮೆಟ್ಟಿಲು. ನಿನ್ನ ಅಳಿಯನಿಗೆ ಲೆಕ್ಕ ಬರುವುದಾದರೆ ಮೆಟ್ಟಿಲಿನ ಕೆಳಗೇ ಹುಡುಕಬೇಕಿತ್ತು.

ನಾನು: ಆ ಎರಡು ಸೆಂಟ್ ಹೋದದ್ದೆಲ್ಲಿ?

ವಜ್ರ: ಸೂರತ್ತಿನಲ್ಲಿ. ಭೂಮಿಯೊಳಗೆ ನೂರೈವತ್ತು ಕಿಲೋಮೀಟರ್ ಆಳದಲ್ಲಿ ನೂರು ಕೋಟಿ ವರ್ಷಕ್ಕೂ ಹೆಚ್ಚು ಕಾಲ ಹಾಯಾಗಿದ್ದವನು ನಾನು. ಜ್ವಾಲಾಮುಖಿ ಎತ್ತಿ ಮೇಲೆ ಬಿಸಾಕಿತು, ಬೋಟ್ಸ್‌ವಾನಾದಲ್ಲಿ ಅಗೆದು ತೆಗೆದರು. ಲೋಕದಲ್ಲಿ ಸಾಣೆ ಕಾಣುವ ಹರಳುಗಳಲ್ಲಿ ಹತ್ತಕ್ಕೆ ಒಂಬತ್ತು ಸೂರತ್ತಿಗೇ ಹೋಗುತ್ತವೆ. ತಿರುಗುವ ಕಬ್ಬಿಣದ ತಟ್ಟೆಗೆ ಎಣ್ಣೆಯಲ್ಲಿ ಕಲಸಿದ ವಜ್ರದ ಪುಡಿಯನ್ನೇ ಬಳಿದು ನನ್ನನ್ನು ಒತ್ತಿ ಹಿಡಿದರು. ನನ್ನನ್ನು ತೇಯಲು ನಮ್ಮ ಕುಲದವರೇ ಬೇಕು ನೋಡು. ಅರ್ಧಕ್ಕಿಂತ ಹೆಚ್ಚು ಮೈ ಅಲ್ಲೇ ಕರಗಿತು. ಸಾಣೆ ಹಿಡಿದವನು, ಅವನನ್ನು ಅಲ್ಲಿ ರತ್ನ ಕಲಾಕಾರ ಅನ್ನುತ್ತಾರೆ, ಪುಣ್ಯಾತ್ಮ. ತೂಕದ ಆಸೆಗೆ ನನ್ನ ಹೊಟ್ಟೆ ದಪ್ಪ ಬಿಟ್ಟಿದ್ದರೆ ಐವತ್ತು ತೂಗುತ್ತಿದ್ದೆ, ಬೆಳಕು ತಳದಲ್ಲೇ ಸೋರಿ ಹೋಗುತ್ತಿತ್ತು. ಎರಡು ಸೆಂಟ್ ಹೋದರೆ ಹೋಗಲಿ ಎಂದು 57 ಮುಖವನ್ನೂ ಸರಿಯಾಗಿ ಕೊಟ್ಟ. ಹೊಳಪು ಬರುವುದು ಕಟಿಂಗಿನಿಂದ. ನಿನ್ನ ಅಳಿಯನ ಹಾಳೆಯಲ್ಲಿ ಅದು ಹನ್ನೊಂದನೆಯ ಕಾಲಂ.

ನಾನು: ಮೊದಲನೆಯ ಕಾಲಂ ಬಣ್ಣ. ತಮ್ಮದು ‘ಎಚ್’ ಅಂತ ಮೂಗು ಮುರಿದ.

ವಜ್ರ: ಬಣ್ಣದ ಹುಚ್ಚು ನಿಮಗೆ ಇವತ್ತಿನದೇ? ಹಳೆಯ ರತ್ನಶಾಸ್ತ್ರಗಳಲ್ಲಿ ನಮಗೂ ವರ್ಣ ಹಚ್ಚಿದ್ದರು. ಬಿಳಿಯ ಹರಳು ಬ್ರಾಹ್ಮಣ, ಕೆಂಪು ಛಾಯೆಯದು ಕ್ಷತ್ರಿಯ, ಹಳದಿ ವೈಶ್ಯ, ಕಪ್ಪು ಶೂದ್ರ. ಇಂಗಾಲಕ್ಕೆ ಜಾತಿ! ಈಗ ಅಮೆರಿಕದ ಜಿಐಎ ಎಂಬ ಸಂಸ್ಥೆ ಬಣ್ಣವಿಲ್ಲದ ‘ಡಿ’ಯಿಂದ ಹಳದಿಯ ‘ಜೆಡ್’ವರೆಗೆ ಅಕ್ಷರ ಹಂಚಿದೆ. ‘ಎ’ಯಿಂದ ಯಾಕಿಲ್ಲ ಅಂದರೆ, ಅದಕ್ಕೂ ಮುಂಚೆ ವ್ಯಾಪಾರಿಗಳು ಎ, ಬಿ, ಸಿ ಅಕ್ಷರಗಳನ್ನು ಮನಸ್ಸಿಗೆ ಬಂದ ಹಾಗೆ ಬಳಸಿ ಕೆಡಿಸಿಟ್ಟಿದ್ದರು. ಇರಲಿ, ಉಂಗುರ ಯಾವ ಚಿನ್ನದ್ದು?

ನಾನು: ಹಳದಿ ಚಿನ್ನ, 18 ಕ್ಯಾರೆಟ್. 22 ಮೆತ್ತಗಂತೆ, ಹರಳು ಹಿಡಿದು ನಿಲ್ಲುವುದಿಲ್ಲವಂತೆ.

ವಜ್ರ: ಹಳದಿ ಚಿನ್ನದ ತೊಟ್ಟಿಲಲ್ಲಿ ಕೂರಿಸಲು ‘ಡಿ’ ಹುಡುಕುತ್ತಿದ್ದಾನೆಯೇ? ಅರಿಶಿನದ ನೀರಲ್ಲಿ ಅದ್ದುವ ಪಂಚೆಗೆ ಡ್ರೈಕ್ಲೀನಿಂಗ್ ಮಾಡಿಸಿದ ಹಾಗಾಯಿತು.

ನಾನು: ತಮ್ಮೊಳಗೆ ದೋಷವೂ ಇದೆಯಂತೆ.

ವಜ್ರ: ಇದೆ. ಅಂಚಿನ ಹತ್ತಿರ ಗರಿಯಂಥದ್ದೊಂದು ಗೆರೆ. ಹಿಂದಿನವರು ಇಂಥವಕ್ಕೆ ಬಿಂದು, ರೇಖೆ, ಕಾಕಪದ ಎಂದೆಲ್ಲ ಹೆಸರಿಟ್ಟಿದ್ದರು. ಈಗ ‘ವಿಎಸ್ 2’. ಹತ್ತು ಪಟ್ಟು ದೊಡ್ಡದು ಮಾಡುವ ಮಸೂರ ಹಿಡಿದರೆ ಕಾಣುತ್ತದೆ, ಬರಿಗಣ್ಣಿಗಿಲ್ಲ. ಉಂಗುರದ ಒಂದು ಹಿಡಿಯನ್ನು ಅದರ ಮೇಲೇ ಕೂರಿಸಿದರೆ ದೇವರಿಗೂ ಗೊತ್ತಾಗದು. ನಿಶ್ಚಿತಾರ್ಥಕ್ಕೆ ಮಸೂರ ಹಿಡಿದು ಬರುವ ನೆಂಟರು ನಿಮ್ಮಲ್ಲಿ ಎಷ್ಟು ಜನ?

(ಇಬ್ಬರಿದ್ದಾರೆ. ಹೆಸರು ಬೇಡ.)

ನಾನು: ಸರ್ಟಿಫಿಕೇಟ್ ನೋಡಿದರೆ ಸಾಕು ಮಾವ, ಎಲ್ಲ ಅದರಲ್ಲೇ ಇರುತ್ತೆ ಎನ್ನುತ್ತಾನೆ.

ವಜ್ರ: ಜಾತಕ ನೋಡಿದರೆ ಸಾಕು, ಹುಡುಗನನ್ನು ನೋಡುವುದೇನು ಅಂದ ಹಾಗೆ. ನನ್ನ ಸೊಂಟದ ಸುತ್ತ ಉಡಿದಾರದ ಹಾಗೆ ಲೇಸರಿನಲ್ಲಿ ನಂಬರ್ ಕೆತ್ತಿದ್ದಾರೆ. ಅದನ್ನು ಮಸೂರದಲ್ಲಿ ಓದಿ, ಕಾಗದದ ನಂಬರಿಗೆ ತಾಳೆ ನೋಡಿಕೊಳ್ಳಿ. ಕಾಗದದ ಮುಖ್ಯ ಉಪಯೋಗ ಅದು. ತೂಕ, ಬಣ್ಣ, ಅಳತೆ ಎಲ್ಲ ಬರೆದಿರುತ್ತಾರೆ. ಬೆಲೆ ಎಷ್ಟು ಎಂದು ಜಿಐಎ ಕಾಗದ ಒಂದಕ್ಷರ ಹೇಳುವುದಿಲ್ಲ. ಅಂಗಡಿ ಬಾಗಿಲಲ್ಲಿ ಇವತ್ತಿನ ಚಿನ್ನದ ದರದ ಬೋರ್ಡ್ ನೋಡಿದೆಯಲ್ಲ, ವಜ್ರದ ದರದ ಬೋರ್ಡ್ ಎಲ್ಲಾದರೂ ಕಂಡಿತೆ? ‘ನಾಳೆ ವಾಪಸ್ ತಂದರೆ ಎಷ್ಟಕ್ಕೆ ತಗೊಳ್ತೀರಿ’ ಎಂದು ಕೇಳಿ ನೋಡು. ಮೂರನೆಯ ಬಾದಾಮಿ ಹಾಲು ಬರುವುದಿಲ್ಲ.

ಪಕ್ಕದ ತಟ್ಟೆಯಲ್ಲಿ ಏನೋ ಕಿಸಕ್ಕೆಂದು ನಕ್ಕಿತು. ಒಂದೂವರೆ ಕ್ಯಾರೆಟ್ಟಿನ ಧಡೂತಿ ಹರಳು, ಎಳೆಯ ದನಿ.

ನಾನು: ಅದು ಯಾರು?

ವಜ್ರ: ಪ್ರಯೋಗಾಲಯದ ಕೂಸು. ಮೀಥೇನ್ ಅನಿಲ ಕುಡಿಸಿ ಕೆಲವೇ ವಾರದಲ್ಲಿ ಬೆಳೆಸಿದ್ದು. ನಕಲಿ ಅನ್ನಬೇಡ, ಅದೂ ಅಪ್ಪಟ ವಜ್ರವೇ, ನನ್ನಷ್ಟೇ ಗಟ್ಟಿ. 2023ರಲ್ಲಿ ಪ್ರಧಾನಿ ಮೋದಿ ಅಮೆರಿಕದ ಅಧ್ಯಕ್ಷರ ಹೆಂಡತಿಗೆ ಏಳೂವರೆ ಕ್ಯಾರೆಟ್ಟಿನ ಇಂಥದ್ದನ್ನೇ ಉಡುಗೊರೆ ಕೊಟ್ಟದ್ದು. ಆವತ್ತಿನಿಂದ ಇವುಗಳನ್ನು ಮಾತಾಡಿಸಲಾಗದು. ಆದರೆ ದರ ನಮ್ಮದರಲ್ಲಿ ಒಂದು ಚೂರು, ಅದೂ ವರ್ಷವರ್ಷ ಇಳಿಯುತ್ತಿದೆ. ಜಿಐಎಯವರು 2025ರಲ್ಲಿ ಇವಕ್ಕೆ ಡಿ, ಇ, ಎಫ್ ಅಕ್ಷರ ಕೊಡುವುದನ್ನೇ ಬಿಟ್ಟು ಎರಡೇ ದರ್ಜೆ ಮಾಡಿದರು: ಪ್ರೀಮಿಯಂ, ಸ್ಟ್ಯಾಂಡರ್ಡ್. ಲಾಡ್ಜಿನ ರೂಮಿನ ಹಾಗೆ.

ಕೂಸು: ಅಜ್ಜಾ, ನಿಮ್ಮ ದುಡ್ಡಿಗೆ ನನ್ನನ್ನೂ ಕೊಂಡು ಗೋವಾಕ್ಕೂ ಹೋಗಿ ಬರಬಹುದು.

ವಜ್ರ: ನೋಡಿದೆಯಾ ಬಾಯಿ? ಹೇಳಿದ್ದು ನಿಜ, ಅದೇ ಬೇಜಾರು.

ನಾನು: ಅಷ್ಟಾದರೂ ನಿಶ್ಚಿತಾರ್ಥಕ್ಕೆ ನೀವೇ ಬೇಕು ಅನ್ನುವುದೇಕೆ? ನಮ್ಮಲ್ಲಿ ಹಿಂದೆ ತಾಂಬೂಲ ಬದಲಾಯಿಸಿದರೆ ಮುಗಿಯುತ್ತಿತ್ತು.

ವಜ್ರ: 1947ರಲ್ಲಿ ಡಿ ಬಿಯರ್ಸ್ ಕಂಪನಿಯ ಜಾಹೀರಾತಿಗೆ ಫ್ರಾನ್ಸಸ್ ಗೆರೆಟಿ ಎಂಬಾಕೆ ಒಂದು ಸಾಲು ಬರೆದಳು, ವಜ್ರ ಚಿರಕಾಲ ಎನ್ನುವ ಅರ್ಥದ್ದು. ಅಷ್ಟಕ್ಕೇ ಅಮೆರಿಕದ ಹುಡುಗರೆಲ್ಲ ಸಾಲ ಮಾಡಿದರು. ಆಕೆ ಕೊನೆಯವರೆಗೂ ಮದುವೆಯಾಗಲಿಲ್ಲ, ಅದು ಬೇರೆ ಮಾತು. ಚಿರಕಾಲವೂ ಸುಳ್ಳೇ. ಸುತ್ತಿಗೆಯಿಂದ ಸರಿಯಾದ ಕಡೆ ಬಡಿದರೆ ಸೀಳಿಹೋಗುತ್ತೇನೆ. ನಿಮಗೆ ನಾನು ಅಮೆರಿಕದಿಂದ ಬಂದವನಲ್ಲ, ಬಿಡು. ಬ್ರೆಜಿಲ್‌ನಲ್ಲಿ ಗಣಿ ಸಿಗುವ ತನಕ, ಅಂದರೆ 1720ರ ದಶಕದವರೆಗೆ, ಹೆಚ್ಚುಕಡಿಮೆ ಲೋಕಕ್ಕೆಲ್ಲ ವಜ್ರ ಹೋಗುತ್ತಿದ್ದದ್ದು ಕೃಷ್ಣೆಯ ಸೀಮೆಯಿಂದ, ಅದರ ತೆಂಕಣ ಕಡೆಯಿಂದ. ವಿಜಯನಗರಕ್ಕೆ ಬಂದ ಕುದುರೆ ವ್ಯಾಪಾರಿ ನೂನಿಜ್ ಬರೆದಿಟ್ಟಿದ್ದಾನೆ: ಗಣಿ ಹಿಡಿದ ನಾಯಕ ವರ್ಷಕ್ಕೆ 40,000 ಪರ್ದಾವೋ ಕಟ್ಟಬೇಕು, ದೊಡ್ಡ ಹರಳು ಸಿಕ್ಕರೆ ಅದು ಅರಸನಿಗೆ. ಈಗಲೂ ಅನಂತಪುರದ ವಜ್ರಕರೂರಿನ ಸುತ್ತ ಮೊದಲ ಮಳೆ ಬಿದ್ದರೆ ಸಾಕು, ನಿಮ್ಮ ಬಳ್ಳಾರಿ ಕಡೆಯವರೂ ಬುತ್ತಿ ಕಟ್ಟಿಕೊಂಡು ಹೋಗಿ ಹೊಲದಲ್ಲಿ ತಲೆ ಬಗ್ಗಿಸಿ ಹುಡುಕುತ್ತಾರೆ. ಅವರ ಕೈಯಲ್ಲಿ ಎಕ್ಸೆಲ್ ಇರುವುದಿಲ್ಲ.

ನಾನು: ನಮ್ಮಮ್ಮನಿಗೆ ಏಳು ಹರಳಿನ ಓಲೆ ಇತ್ತು. ಬ್ಲೂ ಜಾಗರ್ ಅಂತ ಹೇಳಿಕೊಂಡು ಓಡಾಡುತ್ತಿದ್ದಳು.

ವಜ್ರ: (ಸ್ವಲ್ಪ ಹೊತ್ತು ಸುಮ್ಮನಿದ್ದು) ಆ ಹೆಸರು ಕೇಳಿ ಎಷ್ಟು ದಿನವಾಯಿತು! ದಕ್ಷಿಣ ಆಫ್ರಿಕದ ಜಾಗರ್ಸ್‌ಫೊಂಟೈನ್ ಎಂಬ ಗಣಿಯದ್ದು. ಬಿಸಿಲಿಗೆ ಹಿಡಿದರೆ ಒಳಗಿಂದ ತಿಳಿನೀಲಿ ಹೊಮ್ಮುವ ಹರಳು. ಗಣಿ 1971ರಲ್ಲಿ ಮುಚ್ಚಿತು. ಗಾಂಧಿ ಬಜಾರಿನಲ್ಲಿ ಬ್ಲೂ ಜಾಗರ್ ಇನ್ನೂ ಮುಗಿದಿಲ್ಲ! ನನಗೂ ಆ ನೀಲಿ ಇದೆ. ನಿನ್ನ ಅಮ್ಮ ಇದ್ದಿದ್ದರೆ ಎರಡು ದಿನ ದೇವರ ಮನೆಯಲ್ಲಿಟ್ಟು, ಆಗಿಬರುತ್ತದೆಯೇ ನೋಡಿ, ಹೆಚ್ಚು ಕೊಟ್ಟು ತೆಗೆದುಕೊಳ್ಳುತ್ತಿದ್ದಳು. ಕಾಗದದಲ್ಲಿ ಅದನ್ನೇ ‘ಸ್ಟ್ರಾಂಗ್ ಬ್ಲೂ ಫ್ಲೋರೆಸೆನ್ಸ್’ ಎಂದು ಬರೆದಿದ್ದಾರೆ. ನಿನ್ನ ಅಳಿಯ ಕೆಂಪು ಬಣ್ಣ ಬಳಿದು ಮುಂದೆ ಹೋದ. ಅಮ್ಮ ಓಲೆ ತೊಳೆಯುತ್ತಿದ್ದದ್ದು ಹೇಗೆ?

ನಾನು: ಹಬ್ಬದ ಹಿಂದಿನ ದಿನ ಅಂಟುವಾಳದ ನೀರಲ್ಲಿ ನೆನೆಹಾಕಿ, ಹಳೆಯ ಬ್ರಷ್ಷಿನಲ್ಲಿ ಹಿಂಬದಿಯಿಂದ ಉಜ್ಜುತ್ತಿದ್ದಳು.

ವಜ್ರ: ಹಿಂಬದಿಯಿಂದ! ತಿಳಿದವಳು. ನಮಗೆ ಜಿಡ್ಡು ಕಂಡರೆ ಅಂಟುವ ಚಟ. ಕಿಂಬರ್ಲಿಯ ಗಣಿಗಳಲ್ಲಿ ಕಲ್ಲುಪುಡಿಯನ್ನು ನೀರಿನ ಜೊತೆ ಜಿಡ್ಡು ಬಳಿದ ಹಲಗೆಯ ಮೇಲೆ ಹರಿಸುತ್ತಿದ್ದರು. ಬೇರೆ ಕಲ್ಲೆಲ್ಲ ಕೊಚ್ಚಿಹೋಗಿ ನಾವು ಮಾತ್ರ ಅಂಟಿಕೊಳ್ಳುತ್ತಿದ್ದೆವು. ಒಗ್ಗರಣೆ, ಕೊಬ್ಬರಿ ಎಣ್ಣೆ, ಕ್ರೀಮು ತಗಲಿದರೆ ‘ಡಿ’ಯೂ ಒಂದೇ, ‘ಎಚ್’ಚೂ ಒಂದೇ. ಈಗ ಒಂದು ಉಪಕಾರ ಮಾಡು. ಈ ಸ್ಪಾಟ್‌ಲೈಟಿನ ಕೆಳಗೆ ಸೋಡಾ ಬಾಟಲಿಯ ಚೂರೂ ಹೊಳೆಯುತ್ತದೆ. ನನ್ನನ್ನು ಬಾಗಿಲ ಹತ್ತಿರ ಒಯ್ದು ಹಗಲು ಬೆಳಕಿನಲ್ಲಿ ನೋಡು.

ತಟ್ಟೆ ಹಿಡಿದು ಹೊರಟೆ. ಗಾಜಿನಾಚೆ ಸ್ಕೂಟರುಗಳ ಮೇಲೆ ನಾಲ್ಕು ಗಂಟೆಯ ಬಿಸಿಲು. ಹರಳಿನೊಳಗೆ ಬೆಳಗಿನ ಜಾವದ ಬಾನಿನಂಥ ನೀಲಿಯೊಂದು ಅಲ್ಲಾಡಿತು. ಅಮ್ಮನ ಕಿವಿ ನೆನಪಾಗುವಷ್ಟರಲ್ಲಿ ಸೆಕ್ಯುರಿಟಿಯವನು ‘ಸಾರ್, ಐಟಂ ತಗೊಂಡು ಎಲ್ಲಿಗೆ?’ ಎಂದು ಅಡ್ಡ ನಿಂತ.

ವಜ್ರ: (ಪಿಸುದನಿಯಲ್ಲಿ) ಕೊನೆಯದಾಗಿ ಕೇಳುತ್ತೇನೆ. ಆ ಹದಿನಾಲ್ಕು ಕಾಲಂನಲ್ಲಿ ಹುಡುಗಿಯ ಬೆರಳಿನ ಅಳತೆ ಎಷ್ಟನೆಯದು?

ಹೋಗಿ ನೋಡಿದೆ. ಇರಲಿಲ್ಲ. ಅಳಿಯ ಕ್ಯಾಬಿನ್ನಿನಿಂದ ಬಂದವನೇ ನನ್ನ ಒತ್ತಾಯಕ್ಕೆ ಸ್ಪೀಕರಿನಲ್ಲಿ ಫೋನು ಹಚ್ಚಿದ. ಹುಡುಗಿ ಹುಬ್ಬಳ್ಳಿಯವಳು, ಹಲ್ಲಿನ ಡಾಕ್ಟರು. ಯಾವುದೋ ರೋಗಿಯ ಬಾಯಿ ತೆರೆದೇ ಇರಬೇಕು, ಅವಸರದಲ್ಲಿದ್ದಳು.

‘ನಂಬರ್ ಹನ್ನೆರಡು ನೋಡ್ರಿ. ಹರಳು ಯಾವುದರ ಇರಲಿ, ಎತ್ತರಕ್ಕ ಕೂಡಿಸಬ್ಯಾಡ್ರಿ. ಗ್ಲೌಸ್ ಹಾಕ್ಕೊಳ್ಳೋಮುಂದ ಸಿಕ್ಕೊಂಡು ಹರೀತದ.’

ಅಳಿಯ ಹದಿನೈದನೆಯ ಕಾಲಂ ತೆರೆದು ‘ಗ್ಲೌಸ್’ ಎಂದು ಟೈಪ್ ಮಾಡಿದ. ಸ್ವಲ್ಪ ಹೊತ್ತು ಪರದೆ ನೋಡಿ, ‘ಆಗ ಒಂದು ನಲವತ್ತೆಂಟು ಸೆಂಟಿಂದು ತೋರಿಸಿದ್ರಲ್ಲ, ಅದೆಷ್ಟು?’ ಎಂದು ಕೇಳಿದ.

ಸೇಲ್ಸಿನ ಹುಡುಗ ನನ್ನ ಕೈಯಲ್ಲಿದ್ದ ತಟ್ಟೆ ನೋಡಿದ, ನನ್ನ ಮುಖ ನೋಡಿದ. ‘ಬ್ಲೂ ಜಾಗರ್ ಸಾರ್ ಅದು. ಅದಕ್ಕೆ ಡಿಸ್ಕೌಂಟ್ ಬರಲ್ಲ.’